ಹಂದಿ ಮಿದುಳು, ಪ್ಯೂರೋಮೈಸಿನ್, 700 ಓಮ್

ರಕ್ತದಿಂದ ಮಿದುಳಿಗೆ ಸಿಕ್ಕಿದ್ದೆಲ್ಲ ದಾಟದಂತೆ ತಡೆಯೋ ಕೋಶಗಳ ಗೋಡೆಯನ್ನ ಲ್ಯಾಬಲ್ಲಿ ಬೆಳೆಸೋದು ನನ್ನ ಕೆಲಸ. ಆ ಗೋಡೆ ಎಷ್ಟು ಬಿಗಿ ಅಂತ ಹೇಳೋ ವಿದ್ಯುತ್ ರೋಧದ ಅಳತೆಯೇ ಟೀರ್. ಅದು 700 (ಓಮ್-ಚದರ ಸೆಂ.ಮೀ.) ದಾಟಿತು ಅಂದಾಗ ನಮ್ಮ ಗೈಡ್ ಮೊದಲು ಕೇಳಿದ್ದು, "ಮೀಟರ್ ಸರಿ ಇದೆಯೇನಪ್ಪಾ?"

ಅವರದ್ದೂ ತಪ್ಪಿಲ್ಲ. ಎರಡು ವರ್ಷ ಬಿ-ಎಂಡ್-3 ಅನ್ನೋ, ಇಲಿ ಮಿದುಳಿನ ರಕ್ತನಾಳದ ಕೋಶಗಳ ಜೊತೆ ಗುದ್ದಾಡಿದ್ದೆ. ಕೋಶ ಬೆಳೆಸೋದು ಇನ್ಸರ್ಟಿನಲ್ಲಿ, ಅಂದ್ರೆ ಸಣ್ಣ ತೂತುಗಳ ತಳವಿರೋ ಪುಟ್ಟ ಬಟ್ಟಲಲ್ಲಿ. ಖಾಲಿ ಇನ್ಸರ್ಟಿನ ರೀಡಿಂಗ್ ಕಳೆದು, ತಳದ ವಿಸ್ತೀರ್ಣ 1.12ರಿಂದ ಗುಣಿಸಿದರೆ ಸಿಗ್ತಿದ್ದ ಟೀರ್ 30, 40. ಸೋರಿಕೆ ನೋಡೋಕೆ ಹಾಕೋ ಲೂಸಿಫರ್ ಯೆಲ್ಲೋ ಬಣ್ಣ ಜರಡಿಗೆ ನೀರು ಸುರಿದ ಹಾಗೆ ಕೆಳಗಿಳಿಯುತ್ತಿತ್ತು. ಹನ್ನೆರಡು ಇನ್ಸರ್ಟಿನ ಪ್ಲೇಟಿಗೆ ಆಗ ಹತ್ತು ಸಾವಿರದ ಹತ್ತಿರ. ಕಸಕ್ಕೆ ಹೋದ ಪ್ಲೇಟುಗಳ ದುಡ್ಡಲ್ಲಿ ಒಂದು ಸ್ಕೂಟರ್ ಬರ್ತಿತ್ತು.

ಇಲಿ ಕೋಶ ಬಿಟ್ಟು ಹಂದಿ ಮಿದುಳಿನಿಂದಲೇ ಕೋಶ ತೆಗೀತೀನಿ, ಮಿದುಳು ತರ್ತೀನಿ ಅಂದಾಗ ಲ್ಯಾಬಲ್ಲಿ ನಕ್ಕರು. ಬೆಳಗ್ಗೆ ಐದೂವರೆಗೆ ಮಾಂಸದಂಗಡಿಗೆ ಹೋಗಿ, ತಲೆ ಒಡೆಸಿ, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಮೇಲಿಟ್ಟು ಆರು ಮಿದುಳು ತಂದೆ. ಅಂಗಡಿಯವರು ಫ್ರೈಗೆ ಅಂದುಕೊಂಡು "ಮೆಣಸು ಜಾಸ್ತಿ ಹಾಕಿ ಸಾರ್" ಅಂದರು.

ಮೊದಲ ನಾಲ್ಕು ಬ್ಯಾಚ್ ಹಾಳು. ಎರಡಕ್ಕೆ ಫಂಗಸ್, ಇನ್ನೆರಡರಲ್ಲಿ ಬರೀ ಪೆರಿಸೈಟ್, ಅಂದ್ರೆ ರಕ್ತನಾಳದ ಹೊರಗೆ ಅಂಟಿಕೊಂಡಿರೋ ಬೇಡದ ಕೋಶಗಳು. ಐದನೆಯದಕ್ಕೆ ಪ್ಯೂರೋಮೈಸಿನ್ ಹಾಕಿದೆ, ಮಿಲಿಗೆ 4 ಮೈಕ್ರೋಗ್ರಾಂ, ಮೂರು ದಿನ. ನನಗೆ ಬೇಕಾದ ಎಂಡೋಥೀಲಿಯಲ್ (ರಕ್ತನಾಳದ ಒಳಗೋಡೆಯ) ಕೋಶಗಳು ಪಿ-ಗ್ಲೈಕೋಪ್ರೋಟೀನ್ ಅನ್ನೋ ಪಂಪ್ ಇಟ್ಟುಕೊಂಡು ಆ ವಿಷವನ್ನ ಹೊರಗೆ ದಬ್ಬುತ್ತವೆ, ಉಳಿದವು ಸಾಯುತ್ತವೆ. ನಾಲ್ಕನೇ ದಿನ ನೋಡಿದರೆ ಉದ್ದುದ್ದ ಕೋಶಗಳು ಮಾತ್ರ, ಬಾಚಿದ ಕೂದಲಿನ ಹಾಗೆ. ಆಮೇಲೆ ಗೋಡೆ ಬಿಗಿಯಾಗಲಿ ಅಂತ ಹೈಡ್ರೋಕಾರ್ಟಿಸೋನ್ 550 ನ್ಯಾನೋಮೋಲಾರ್, ಜೊತೆಗೆ ಕೋಶದೊಳಗೆ ಸಂದೇಶ ಒಯ್ಯೋ ಸೈಕ್ಲಿಕ್ ಎಎಂಪಿಯನ್ನ ಏರಿಸೋ ಮಾಮೂಲಿ ಮದ್ದುಗಳ ಜೋಡಿ. ಸೀರಮ್ ಯಾವ ದಿನ ತೆಗೆದೆ, ಕ್ಯಾಪಿಲರಿಗಳನ್ನ ಮೆಶ್‌ನಿಂದ ಹೇಗೆ ಇಳಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಟೀರ್ ಇನ್ನೂ ಏರುತ್ತಾ ಅಂತ ಸುಮ್ನೆ ಸಿ6 ಗ್ಲಿಯೋಮಾ (ಮಿದುಳಿನ ಗಡ್ಡೆಯ) ಕೋಶಗಳನ್ನ ಇನ್ಸರ್ಟಿನ ಕೆಳಗೆ ಬೆಳೆಸಿ ನೋಡಿದೆ. ನನಗೆ ಬಂದ ಏರಿಕೆ ಐವತ್ತೋ ಅರವತ್ತೋ, ಅಷ್ಟಕ್ಕೆ ಅಷ್ಟು ಒದ್ದಾಟ ಬೇಡ ಅನ್ನಿಸಿತು. ಇನ್ನೊಂದು ಮಜಾ ಅಂದ್ರೆ, ಪ್ಲೇಟನ್ನ ಹುಡ್‌ನಲ್ಲಿ ಇಪ್ಪತ್ತು ನಿಮಿಷ ಬಿಟ್ಟು ಅಳೆದರೆ ಅದೇ ಇನ್ಸರ್ಟ್ ಸಾವಿರದ ಮೇಲೆ ತೋರಿಸುತ್ತಿತ್ತು. ತಣ್ಣಗಾದರೆ ರೀಡಿಂಗ್ ಏರುತ್ತೆ, ಅದನ್ನೇ ಬರೆದುಕೊಳ್ಳೋರೂ ಇದ್ದಾರೆ. ನನ್ನ 700 ತಣ್ಣಗಾಗೋ ಮೊದಲೇ, ಬಿಸಿ ಇದ್ದ ಪ್ಲೇಟಿನದು.

ಗೈಡ್ ಅದನ್ನೂ ನಂಬಲಿಲ್ಲ. ಸರಿ, ಆ ಪಂಪ್ ಹೊರಗೆ ದಬ್ಬೋ ಔಷಧಿ ಡಿಗಾಕ್ಸಿನ್ ಹಾಕಿದೆ, ಎರಡೂ ಕಡೆಯಿಂದ. ಮಿದುಳಿನ ಕಡೆಯಿಂದ ರಕ್ತದ ಕಡೆಗೆ ಸುಮಾರು ಮೂರು ಪಟ್ಟು ಹೆಚ್ಚು ದಾಟಿತು. ಪಂಪನ್ನ ತಡೆಯೋ ವೆರಪಮಿಲ್ ಕೊಟ್ಟ ಮೇಲೆ ಅನುಪಾತ ಒಂದರ ಹತ್ತಿರಕ್ಕೆ ಬಿತ್ತು. ಗ್ರಾಫನ್ನ ಐದು ನಿಮಿಷ ನೋಡಿದರು. ಮೀಟರ್ ವಿಷಯ ಎತ್ತಲಿಲ್ಲ.

"ಆ ಅಂಗಡಿ ಭಾನುವಾರ ತೆಗೆದಿರುತ್ತಾ?" ಅಂದರು.