ಬಾಟಲಿಯ ಬಾಳೆ ಹೊಲ ಮುಟ್ಟುವವರೆಗೆ

ಪುಣೆಯ ಹೊರವಲಯದಲ್ಲಿರುವ ನಮ್ಮ ಟಿಶ್ಯೂ ಕಲ್ಚರ್ (ಗಿಡದ ಚಿಕ್ಕ ತುಂಡನ್ನು ಬಾಟಲಿಯಲ್ಲಿ ಬೆಳೆಸಿ ನೂರಾರು ಬಾಳೆ ಸಸಿ ಮಾಡುವ) ಲ್ಯಾಬಿಗೆ ಇಂಡಿ, ಚಡಚಣ, ಅಥಣಿ ಕಡೆಯ ರೈತರು ಬಂದಾಗ ಬಹುತೇಕ ಎಲ್ಲರ ಬಾಯಲ್ಲೂ ಒಂದೇ ಮಾತು: "ಬಾಟ್ಲ್ಯಾಗಿನ ಸಸೀನ ಹಂಗ ಕೊಡ್ರಿ ಸರ, ಅಗ್ಗ ಬೀಳ್ತದ. ಪಾಕೀಟಿನ ಸಸಿಗೆ ಯಾಕ ಜಾಸ್ತಿ ರೊಕ್ಕ?" ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಬಾಟಲಿಯಲ್ಲಿ ಹಸಿರಾಗಿ ನಿಂತಿರುವುದಕ್ಕೆ ಇನ್ನೂ ಹೊರಗಿನ ಗಾಳಿಯಲ್ಲಿ ಬದುಕಲು ಬರುವುದಿಲ್ಲ. ಅದನ್ನು ಪ್ಲಾಸ್ಟಿಕ್ ಪಾಕೀಟಿನಲ್ಲಿ ನೆಟ್ಟು ಬದುಕಲು ಕಲಿಸುವ ಖರ್ಚೇ ಪಾಕೀಟಿನ ಖರ್ಚು.

ಬಾಳೆಗೆ ಈ ವಿಧಾನ ಯಾಕೆ ಬೇಕಾಯಿತು ಎಂದರೆ, ನಾವು ತಿನ್ನುವ ಬಾಳೆಯಲ್ಲಿ ಬೀಜವಿಲ್ಲ. ಜಿ-9 ಅಂದರೆ ಗ್ರ್ಯಾಂಡ್ ನೈನ್ ತಳಿಯಲ್ಲಿ ಕ್ರೋಮೋಸೋಮುಗಳು ಹನ್ನೊಂದರ ಮೂರು ಕಟ್ಟು, ಒಟ್ಟು 33. ಕಟ್ಟುಗಳು ಬೆಸ ಸಂಖ್ಯೆಯಾದ್ದರಿಂದ ಬೀಜ ಕಟ್ಟುವುದಿಲ್ಲ, ಬುಡದಲ್ಲಿ ಒಡೆಯುವ ಮರಿಗಿಡದಿಂದ, ಅಂದರೆ ಕಂದಿನಿಂದಲೇ ಮುಂದುವರಿಯಬೇಕು. ಹೊಲದಿಂದ ಹೊಲಕ್ಕೆ ಕಂದು ಸಾಗಿಸಿದರೆ ಅದರ ಜೊತೆ ಮೂತಿಹುಳು, ಜಂತುಹುಳು, ವೈರಸ್, ಸೊರಗು ರೋಗದ ಮಣ್ಣು ಎಲ್ಲವೂ ಸಾಗುತ್ತವೆ. ಕಂದಿನ ವಯಸ್ಸು, ತೂಕ ಬೇರೆ ಬೇರೆ ಇರುವುದರಿಂದ ಗೊನೆಯೂ ಒಟ್ಟಿಗೆ ಬರುವುದಿಲ್ಲ. ಕಂಟೇನರ್ ತುಂಬಿಸಿ ರಫ್ತು ಮಾಡುವ ಸೊಲ್ಲಾಪುರ ಕಡೆಯ ಕರಮಾಳದ ಬೆಳೆಗಾರನಿಗೆ ಇದು ದೊಡ್ಡ ತೊಂದರೆ.

ಕೆಲಸ ಶುರುವಾಗುವುದು ಲ್ಯಾಬಿನಲ್ಲಲ್ಲ, ಗೊನೆ ಕಡಿಯುವ ತೋಟದಲ್ಲಿ. 30 ಕೆ.ಜಿ.ಗಿಂತ ಮೇಲಿನ, ಹತ್ತಕ್ಕೂ ಹೆಚ್ಚು ಚಿಪ್ಪಿನ ಗೊನೆ ಬಿಟ್ಟ ತಾಯಿ ಗಿಡಕ್ಕೆ ಗುರುತು ಹಾಕಿ, ಎಲೆಯ ತುಂಡನ್ನು ವೈರಸ್ ಪರೀಕ್ಷೆಗೆ ಕಳಿಸುತ್ತೇವೆ. ನೋಡಬೇಕಾದವು ನಾಲ್ಕು: ಬಂಚಿ ಟಾಪ್, ಸೌತೆ ಮೊಸಾಯಿಕ್, ಬ್ರ್ಯಾಕ್ಟ್ ಮೊಸಾಯಿಕ್, ಸ್ಟ್ರೀಕ್. ಟಿಶ್ಯೂ ಕಲ್ಚರ್ ಮಾಡಿದ ಮಾತ್ರಕ್ಕೆ ವೈರಸ್ ಹೋಗುವುದಿಲ್ಲ. ತಾಯಿಯಲ್ಲಿ ಇದ್ದರೆ ಬಾಟಲಿಯಲ್ಲಿ ಅದೂ ಸಾವಿರವಾಗುತ್ತದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಟಿಶ್ಯೂ ಕಲ್ಚರ್ ಸಸಿಗಳಿಗೆ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ ತಂದಿದ್ದು ಈ ಕಾರಣಕ್ಕೇ. ಏಲಕ್ಕಿ ಬಾಳೆ, ರಸಬಾಳೆಯಂಥ ತಳಿ ಕೈಗೆತ್ತಿಕೊಂಡರೆ ಇನ್ನೊಂದು ಸಂಗತಿ ನೆನಪಿರಬೇಕು: ಕಾಡುಬಾಳೆ ಬಾಲ್ಬಿಸಿಯಾನದ ಅಂಶವಿರುವ ತಳಿಗಳಲ್ಲಿ ಸ್ಟ್ರೀಕ್ ವೈರಸ್ಸಿನ ತುಣುಕು ಗಿಡದ ಡಿಎನ್‌ಎಯೊಳಗೇ ಹುದುಗಿರಬಹುದು, ಕೆಲವು ತಳಿಗಳಲ್ಲಿ ಲ್ಯಾಬಿನ ಒತ್ತಡಕ್ಕೇ ಅದು ಎಚ್ಚರಗೊಳ್ಳುತ್ತದೆ.

ಕತ್ತಿಯಂತೆ ಕಿರಿದಾದ ಎಲೆಯ, ಸುಮಾರು ಮೂರು ತಿಂಗಳ ಕಂದನ್ನು ಗಡ್ಡೆ ಸಮೇತ ಕಿತ್ತು ತರುತ್ತೇವೆ. ಅಗಲ ಎಲೆಯ ನೀರುಗಂದು ಬೇಡ. ಹರಿಯುವ ನೀರಲ್ಲಿ ಮಣ್ಣು ತೊಳೆದು, ಹೊರಗಿನ ಪಟ್ಟೆ ಸುಲಿದು, ಕಾರ್ಬೆಂಡಜಿಮ್ ಎಂಬ ಬೂಷ್ಟುನಾಶಕದ ದ್ರಾವಣದಲ್ಲಿ ಅರ್ಧ ಗಂಟೆ ಮುಳುಗಿಸುತ್ತೇವೆ. ಆಮೇಲೆ ಸೋಸಿದ ಗಾಳಿ ಬೀಸುವ ಪೆಟ್ಟಿಗೆಯಾದ ಲ್ಯಾಮಿನಾರ್ ಒಳಗೆ ಶೇ. 0.1 ಮರ್ಕ್ಯುರಿಕ್ ಕ್ಲೋರೈಡಿನಲ್ಲಿ 8 ನಿಮಿಷ, ಬಳಿಕ ಕ್ರಿಮಿರಹಿತ ನೀರಲ್ಲಿ ನಾಲ್ಕು ಸಲ ತೊಳೆತ. ಕೊನೆಗೆ ಉಳಿಯುವುದು ಒಂದೂವರೆಯಿಂದ ಎರಡು ಸೆಂ.ಮೀ.ನ ಬಿಳಿ ತುಂಡು, ಅದರ ನಡುವೆ ಬೆಳೆಯುವ ತುದಿ. ಪಾದರಸದ ಆ ನೀರನ್ನು ಸಿಂಕಿಗೆ ಸುರಿಯಬಾರದು. ಬೇರೆ ಕ್ಯಾನಿನಲ್ಲಿ ಶೇಖರಿಸಿ ಅಪಾಯಕಾರಿ ತ್ಯಾಜ್ಯದವರಿಗೆ ಕೊಡಬೇಕು.

ಮೊದಲ ವಾರ ತುಂಡಿನ ಸುತ್ತ ಅಗಾರ್ (ಬಾಟಲಿಯ ಆಹಾರವನ್ನು ಗಟ್ಟಿಯಾಗಿಸುವ ಅಂಟು) ಕಪ್ಪಾಗುತ್ತದೆ. ರೋಗವಲ್ಲ, ಕೊಯ್ದ ಬಾಳೆಕಾಯಿ ಕಪ್ಪಾಗುವುದಕ್ಕೂ ಇದಕ್ಕೂ ಕಾರಣ ಒಂದೇ: ಫೀನಾಲ್. ಬಿಟ್ಟರೆ ತುಂಡು ತನ್ನ ಕಪ್ಪಿನಲ್ಲೇ ಸಾಯುತ್ತದೆ. ಲೀಟರಿಗೆ 100 ಮಿ.ಗ್ರಾಂ. ಆಸ್ಕಾರ್ಬಿಕ್ ಆಮ್ಲ ಹಾಕಿ, ಐದಾರು ದಿನಕ್ಕೊಮ್ಮೆ ಹೊಸ ಬಾಟಲಿಗೆ ಬದಲಿಸಿದರೆ ಮೂರನೇ ಬದಲಿಯ ಹೊತ್ತಿಗೆ ನಿಲ್ಲುತ್ತದೆ.

ಆಹಾರ ಮಾಧ್ಯಮಕ್ಕೆ ನಾವು ಇಂದಿಗೂ ನೆಚ್ಚಿಕೊಂಡಿರುವುದು ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ತಂಬಾಕಿನ ಅಂಗಾಂಶಕ್ಕೆಂದು ಕಂಡುಹಿಡಿದ ಎಂಎಸ್ ಮಿಶ್ರಣವನ್ನೇ. ಲೀಟರಿಗೆ ಎಂಎಸ್ ಪುಡಿ 4.4 ಗ್ರಾಂ, ಸಕ್ಕರೆ 30 ಗ್ರಾಂ, ಅಗಾರ್ 7 ಗ್ರಾಂ, ಮರಿ ಒಡೆಸಲು ಬಿಎಪಿ ಎಂಬ ಹಾರ್ಮೋನು 4 ಮಿ.ಗ್ರಾಂ. ಬಿಎಪಿ ನೀರಲ್ಲಿ ಸುಲಭಕ್ಕೆ ಕರಗುವುದಿಲ್ಲ. 100 ಮಿ.ಗ್ರಾಂ.ಗೆ ಕೆಲವು ಹನಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಕರಗಿಸಿ, 100 ಮಿ.ಲೀ.ಗೆ ನೀರು ತುಂಬಿಸಿಟ್ಟರೆ ಲೀಟರ್ ಮಾಧ್ಯಮಕ್ಕೆ ಅದರಲ್ಲಿ 4 ಮಿ.ಲೀ. ಸಾಕು. ಪಿಎಚ್ 5.8ಕ್ಕೆ ತಂದ ಮೇಲೆಯೇ ಅಗಾರ್. ಪಿಎಚ್ 5ರ ಕೆಳಗಿದ್ದರೆ ಅಗಾರ್ ಗಟ್ಟಿಯಾಗದೆ ಗಂಜಿಯಂತೆ ನಿಲ್ಲುತ್ತದೆ. ದೊಡ್ಡ ಪ್ರೆಷರ್ ಕುಕ್ಕರಿನಂಥ ಆಟೋಕ್ಲೇವಿನಲ್ಲಿ 121 ಡಿಗ್ರಿ, 15 ಪೌಂಡ್ ಒತ್ತಡ, 20 ನಿಮಿಷ. ಬಾಟಲಿಗಳನ್ನು ಒತ್ತೊತ್ತಾಗಿ ಜೋಡಿಸಿದರೆ ನಡುವಿನವಕ್ಕೆ ಉಗಿ ತಲುಪುವುದಿಲ್ಲ. ಅದಕ್ಕೇ ಬೇಯಿಸಿದ ಮಾಧ್ಯಮವನ್ನು ನಾಲ್ಕು ದಿನ ಹಾಗೇ ಇಟ್ಟು, ಕೆಡದೆ ಉಳಿದದ್ದನ್ನು ಮಾತ್ರ ಬಳಸುತ್ತೇವೆ.

ಪುಣೆಯ ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬೂಷ್ಟು ವಿಪರೀತ. ಬಾಟಲಿ ಕೆಟ್ಟಾಗ ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಬೇಕು, ತಪ್ಪು ಎಲ್ಲಾಗಿದೆ ಎಂದು ಬಾಟಲಿಯೇ ಹೇಳುತ್ತದೆ. ಸಸಿಯಿಂದ ದೂರ, ಅಗಾರ್ ಮೇಲೆ ಹತ್ತಿಯಂಥ ಬೂಷ್ಟು ಎದ್ದಿದ್ದರೆ ಗಾಳಿಯಿಂದ ಇಲ್ಲವೇ ಕೈಯಿಂದ ಬಿದ್ದದ್ದು. ಅಗಾರ್ ಒಳಗೆ, ತಳದಲ್ಲಿ ಮಸುಕಿದ್ದರೆ ಆಟೋಕ್ಲೇವ್ ಸರಿ ನಡೆದಿಲ್ಲ. ಸಸಿಯ ಬುಡದ ಸುತ್ತ ಮಾತ್ರ ಹಾಲಿನ ಕೆನೆಯಂಥ ಉಂಗುರ ಕಂಡರೆ ಬ್ಯಾಕ್ಟೀರಿಯಾ ಗಡ್ಡೆಯೊಳಗಿನಿಂದಲೇ ಬಂದದ್ದು. ಮೂರು ನಾಲ್ಕು ಬದಲಿಗಳವರೆಗೆ ಸುಳಿವೇ ಕೊಡದೆ ಆಮೇಲೆ ಹೊರಬೀಳುವ ಈ ಕೊನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ಆಂಟಿಬಯಾಟಿಕ್ ಹಾಕಿ ಅದುಮಿಡಬಹುದು, ತೆಗೆಯಲಾಗದು. ಆ ಕಂದಿನ ಇಡೀ ಸಂತತಿಯನ್ನು ಆಟೋಕ್ಲೇವಿಗೆ ಹಾಕುವುದೇ ಅಗ್ಗ. ಪ್ರತಿ ಬಾಟಲಿಯ ಮೇಲೆ ಕಂದಿನ ನಂಬರು, ತಾರೀಖು, ಎಷ್ಟನೇ ಬದಲಿ, ಲ್ಯಾಮಿನಾರ್ ಮುಂದೆ ಕೂತವರ ನಂಬರು ಇದ್ದರೆ ಅರ್ಧ ಗಂಟೆಯಲ್ಲಿ ಮೂಲ ಸಿಗುತ್ತದೆ.

ಇನ್ನು ಲೆಕ್ಕ. 25 ಡಿಗ್ರಿ ಉಷ್ಣತೆ, 16 ಗಂಟೆ ಬೆಳಕಿನಲ್ಲಿ ನಾಲ್ಕು ವಾರಕ್ಕೆ ಒಂದು ಮರಿ ಸರಾಸರಿ ಮೂರಾಗುತ್ತದೆ. ಆರು ಸಲ ಬಿಡಿಸಿದರೆ 729. ಬಾಟಲಿಯಲ್ಲಿ ನೂರಕ್ಕೆ ಹತ್ತು, ಹೊರಗೆ ಹತ್ತು ಹೋದರೂ ಸುಮಾರು 590 ಉಳಿಯುತ್ತವೆ. ಎಂಟು ಸಲಕ್ಕೆ ಹೋದರೆ 6561. ಮಾಲೀಕರ ಆಸೆ ಇಲ್ಲೇ ಚಿಗುರುವುದು! ಬದಲಿ ಹೆಚ್ಚಿದಂತೆ, ಬಿಎಪಿ ಹೆಚ್ಚಿದಂತೆ ತಳಿ ಕೆಟ್ಟ ಸಸಿಗಳೂ ಹೆಚ್ಚುತ್ತವೆ. ಎಂಟರಾಚೆ ಹೋಗಬಾರದು ಎಂಬುದು ಎಲ್ಲರೂ ಬಲ್ಲ ಮಿತಿ, ನಾವು ಆರಕ್ಕೇ ನಿಲ್ಲಿಸುತ್ತೇವೆ. ನಂತರ ಬೇರು ತರಿಸುವ ಹಾರ್ಮೋನು ಐಬಿಎ ಲೀಟರಿಗೆ 1 ಮಿ.ಗ್ರಾಂ. ಮತ್ತು ಚಿಟಿಕೆ ಇದ್ದಿಲ ಪುಡಿ ಇರುವ ಮಾಧ್ಯಮದಲ್ಲಿ ಬೇರು ಬಿಡಿಸುತ್ತೇವೆ. ಬಾಳೆ ಬೇರು ಬಿಡುವುದರಲ್ಲಿ ಸತಾಯಿಸುವುದಿಲ್ಲ.

ಬಾಟಲಿಯಿಂದ ಹೊರತೆಗೆಯುವ ದಿನವೇ ನಿಜವಾದ ಪರೀಕ್ಷೆ. ಒಳಗೆ ತೇವಾಂಶ ನೂರಕ್ಕೆ ನೂರರ ಹತ್ತಿರ. ಹಾಗಾಗಿ ಎಲೆಯ ಮೇಲೆ ಮೇಣದ ಪದರ ಸರಿಯಾಗಿ ಕಟ್ಟಿರುವುದಿಲ್ಲ, ಪತ್ರರಂಧ್ರಗಳಿಗೆ ಮುಚ್ಚುವ ಅಭ್ಯಾಸವೇ ಇರುವುದಿಲ್ಲ. ಪುಣೆಯ ಏಪ್ರಿಲ್ ಮಧ್ಯಾಹ್ನದ ಒಣ ಗಾಳಿಗೆ ಹಿಡಿದರೆ ಟೀ ಕುಡಿದು ಬರುವಷ್ಟರಲ್ಲಿ ಬಾಡುತ್ತದೆ. ಮೊದಲು ಬೇರಿಗಂಟಿದ ಅಗಾರನ್ನು ಪೂರ್ತಿ ತೊಳೆಯಬೇಕು, ಅದರ ಸಕ್ಕರೆ ಉಳಿದರೆ ಎರಡೇ ದಿನದಲ್ಲಿ ಬುಡ ಕೊಳೆಯುತ್ತದೆ. ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್‌ನಲ್ಲಿ ಅದ್ದಿ, ದೊಡ್ಡದು ಚಿಕ್ಕದು ಬೇರ್ಪಡಿಸಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇಯಲ್ಲಿ ನೆಡಬೇಕು. ಕೋಕೋಪೀಟ್ ಬಂದ ಹಾಗೇ ಬಳಸುವಂತಿಲ್ಲ, ಉಪ್ಪಿರುತ್ತದೆ. ಉಪ್ಪಿನಂಶ ತೋರಿಸುವ ಇಸಿ ಮೀಟರಿನಲ್ಲಿ 1ಕ್ಕಿಂತ ಕೆಳಗೆ ಬರುವವರೆಗೆ ತೊಳೆಯುತ್ತೇವೆ. ನಮ್ಮ ಬೋರಿನ ನೀರೇ ಗಡಸು, ಆದ್ದರಿಂದ ಕೊನೆಯ ತೊಳೆತ ಆರ್‌ಒ ನೀರಲ್ಲಿ.

ಟ್ರೇ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಗುಡಾರ. ಮೊದಲ ವಾರ ಪೂರ್ತಿ ಮುಚ್ಚಿ, ನಂತರ ಬೆಳಗ್ಗೆ ಒಂದು ಗಂಟೆ, ಎರಡು ಗಂಟೆ ಎಂದು ತೆರೆಯುತ್ತ ಹೋಗುತ್ತೇವೆ. ಹೊಸ ಎಲೆ ಬಿಚ್ಚಿದ ಮೇಲೆ ಲೀಟರಿಗೆ ಅರ್ಧ ಗ್ರಾಂ 19:19:19 ಸಿಂಪಡಣೆ, ಅದಕ್ಕೂ ಮೊದಲು ಗೊಬ್ಬರ ಬೇಡ. ಡಿಸೆಂಬರ್, ಜನವರಿಯ ಪುಣೆ ಚಳಿಯಲ್ಲಿ ರಾತ್ರಿ 10 ಡಿಗ್ರಿಗೆ ಇಳಿದಾಗ ಸಸಿ ಸಾಯುವುದಿಲ್ಲ, ಆದರೆ ಬೆಳೆಯುವುದೂ ಇಲ್ಲ. ಐದು ವಾರದ ಟ್ರೇ ಎಂಟು ವಾರ ತೆಗೆದುಕೊಳ್ಳುತ್ತದೆ. ಎಲ್ಲ ಹಂತ ಕೂಡಿಸಿದರೆ ಕಂದಿನಿಂದ ಹೊಲಕ್ಕೆ ಸುಮಾರು ಒಂದು ವರ್ಷ. ಜೂನ್ ನಾಟಿಗೆ ಮಾರ್ಚಿನಲ್ಲಿ ಬಂದು ಸಸಿ ಕೇಳಿದರೆ ಕೈಚೆಲ್ಲುವುದು ಇದಕ್ಕೇ.

ಟ್ರೇಯಿಂದ ಪಾಕೀಟಿಗೆ, ಶೇ. 50ರ ಶೇಡ್ ನೆಟ್ ಕೆಳಗೆ ಇನ್ನೂ ಆರೇಳು ವಾರ. ಗೋಡೆಗೆ ಕೀಟ ನುಸುಳದ ಬಲೆ ಬೇಕೇ ಬೇಕು, ಯಾಕೆಂದರೆ ಸೌತೆ ಮೊಸಾಯಿಕನ್ನು ಸಸ್ಯಹೇನು ಹೊತ್ತು ತರುತ್ತದೆ. ನರ್ಸರಿ ಪಕ್ಕ ಸೌತೆ, ಕುಂಬಳದ ಬಳ್ಳಿ ಇರಕೂಡದು. ರೈತನ ಹೊಲದಲ್ಲೂ ಬಾಳೆಯ ನಡುವೆ ಅಂತರಬೆಳೆಯಾಗಿ ಅವು ಬೇಡ, ಎಳೆಯ ಟಿಶ್ಯೂ ಸಸಿಗೆ ಈ ವೈರಸ್ ಬೇಗ ತಗಲುತ್ತದೆ. ಈ ಹಂತದಲ್ಲಿ ಜಿ-9ರ ಎಲೆ ಮೇಲೆ ಕೆಂಪು-ಕಂದು ಮಚ್ಚೆಗಳಿರುತ್ತವೆ. ರೋಗವೆಂದು ಎಷ್ಟೋ ಜನ ಸಸಿ ವಾಪಸು ಕೊಡಲು ಬರುತ್ತಾರೆ. ಅದು ಟಿಶ್ಯೂ ಸಸಿಯ ಹುಟ್ಟುಗುರುತು, ಬೆಳೆದಂತೆ ಮಾಯವಾಗುತ್ತದೆ. ನಿಜಕ್ಕೂ ತೆಗೆದೆಸೆಯಬೇಕಾದವು ಎರಡು: ಎಲೆತೊಟ್ಟು ಗಿಡ್ಡವಾಗಿ ಎಲೆಗಳೆಲ್ಲ ಎಲೆಕೋಸಿನಂತೆ ಒತ್ತಾಗಿರುವ ಕುಳ್ಳ ಸಸಿ, ಮತ್ತು ಎಲೆ ದಪ್ಪಗೆ, ಕಿರಿದಾಗಿ, ಅಂಚು ಅಲೆಯಲೆಯಾಗಿ ತೇಪೆತೇಪೆ ಬಣ್ಣ ತಳೆದದ್ದು.

ರೋಗವಿಲ್ಲದ ಸಸಿ ಬೇರೆ, ರೋಗ ತಡೆಯುವ ಸಸಿ ಬೇರೆ. ನಂಜನಗೂಡು ರಸಬಾಳೆಯನ್ನು ಬಾಟಲಿಯಲ್ಲಿ ಎಷ್ಟು ಚೊಕ್ಕವಾಗಿ ಬೆಳೆಸಿ ಕೊಟ್ಟರೂ ಪನಾಮ ಸೊರಗಿನ ಮಣ್ಣಿಗೆ ಹಚ್ಚಿದರೆ ಮತ್ತೆ ಸೊರಗುತ್ತದೆ. ಜಿ-9 ಆ ಹಳೆಯ ಸೊರಗನ್ನು ತಡೆದುಕೊಳ್ಳುತ್ತದೆ, ಆದರೆ ಬಿಹಾರ, ಉತ್ತರ ಪ್ರದೇಶಕ್ಕೆ ಕಾಲಿಟ್ಟಿರುವ ಟಿಆರ್-4 ಎಂಬ ಹೊಸ ಬಗೆಯನ್ನಲ್ಲ.

5 ಅಡಿಗೆ 6 ಅಡಿ ಅಂತರದಲ್ಲಿ ಎಕರೆಗೆ ಸುಮಾರು 1450 ಸಸಿ ಹಿಡಿಸುತ್ತದೆ. ಲಾರಿ ಹೊರಡುವಾಗ ಲಾಟ್ ನಂಬರು ಬಿಲ್ಲಿನ ಮೇಲೂ ಬರೆಯುತ್ತೇವೆ. ಐದನೇ ತಿಂಗಳಲ್ಲಿ ಚಡಚಣದಿಂದ ಯಾರಾದರೂ "ನೂರರಾಗ ಹತ್ತು ಗಿಡ ಕುಳ್ಳ ಆಗ್ಯಾವ್ರಿ" ಎಂದು ಫೋನ್ ಮಾಡಿದರೆ, ಆ ನಂಬರಿನಿಂದ ಕಂದಿನ ತನಕ ಹಿಂದೆ ಹೋಗಿ, ಅದೇ ತಾಯಿಯ ಬಾಟಲಿಗಳು ಕಪಾಟಿನಲ್ಲಿ ಎಷ್ಟಿವೆ ಎಂದು ಎಣಿಸಿ, ಅಂದೇ ಕೆಳಗಿಳಿಸುತ್ತೇವೆ.