ದಾಯಾದಿಗಳ ಶನಿವಾರ

2018ರ ನವೆಂಬರ್. ನಾನು ಮಿಶಿಗನ್ನಿಗೆ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಸಂಜೆ ರಾಜ್ಯೋತ್ಸವದ ನಾಟಕಕ್ಕೆ ತಾಲೀಮು ಇದ್ದದ್ದರಿಂದ ಹಳದಿ-ಕೆಂಪು ಶಲ್ಯವನ್ನು ಹೆಗಲ ಮೇಲೆ ಹಾಕಿಕೊಂಡೇ ಆಫೀಸಿಗೆ ಹೋಗಿದ್ದೆ. ಪಕ್ಕದ ಮೇಜಿನವನು ಅದನ್ನು ಮೇಲಿಂದ ಕೆಳಗೆ ನೋಡಿದ. "ಹಳದಿ ಚೆನ್ನಾಗಿದೆ. ಕೆಂಪನ್ನು ಮಾತ್ರ ಈ ವಾರ ಒಳಗೆ ಮಡಚಿಟ್ಟುಕೊ" ಅಂದ. ನಗುತ್ತಲೇ ಅಂದ, ಆದರೂ ನಾನು ಮಡಚುವವರೆಗೆ ಕಣ್ಣು ತೆಗೆಯಲಿಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಬಣ್ಣ ಜೋಳದ ಹಳದಿ ಮತ್ತು ನೀಲಿ. ಪಕ್ಕದ ಒಹಾಯೋ ರಾಜ್ಯದ ವಿಶ್ವವಿದ್ಯಾಲಯ ಒಹಾಯೋ ಸ್ಟೇಟಿನದು ಕಡುಗೆಂಪು ಮತ್ತು ಬೂದು. ನಮ್ಮ ಬಾವುಟದಲ್ಲಿ ಇಬ್ಬರೂ ಒಟ್ಟಿಗೇ ಕೂತಿದ್ದಾರೆ ಅನ್ನೋದು ನನಗೆ ಗೊತ್ತಾದದ್ದು ಆಗ.

ಆ ಶನಿವಾರ ಇವೆರಡರ ನಡುವಿನ ಕಾಲೇಜು ಫುಟ್‌ಬಾಲ್ ಪಂದ್ಯವನ್ನು ಒಹಾಯೋ ಸ್ಟೇಟ್ 62-39ರಿಂದ ಗೆದ್ದಿತು. ಸೋಮವಾರ ನಮ್ಮ ಆಫೀಸಿನಲ್ಲಿ ಸಾವಿನ ಮನೆಯ ಮೌನ. ಗಡಿಯಾಚೆ ಒಹಾಯೋದ ಟೊಲಿಡೊ ಕಡೆಯಿಂದ ದಿನಾ ಕಾರಿನಲ್ಲಿ ಬರುವ ಒಬ್ಬ ಸಹೋದ್ಯೋಗಿ ಮಾತ್ರ ಕೆಂಪು ಟೋಪಿ ಹಾಕಿಕೊಂಡು, ಬೇಕೆಂದೇ ನಿಧಾನವಾಗಿ, ಎಲ್ಲರ ಮೇಜಿನ ಪಕ್ಕ ಹಾದು ಕಾಫಿ ತರಲು ಹೋದ. ಎರಡು ಸಲ ಹೋದ.

ಅಮೆರಿಕಕ್ಕೆ ಹೊಸದಾಗಿ ಬಂದವರು ಮೊದಲು ತಿಳಿಯಬೇಕಾದ್ದು: ಇಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಆಡುವ ಆಟ. ನಾವು ಫುಟ್‌ಬಾಲ್ ಅನ್ನುವುದು ಇಲ್ಲಿ ಸಾಕರ್. ಆಟದ ನಿಯಮ ಕಲಿಯಲು ಎರಡು ಶನಿವಾರ ಸಾಕು. ಕಾಲೇಜು ತಂಡಕ್ಕಾಗಿ ಅರವತ್ತು ವರ್ಷದ ಅಜ್ಜ ಯಾಕೆ ಅಳುತ್ತಾನೆ ಎಂದು ತಿಳಿಯಲು ಇನ್ನೂ ಸ್ವಲ್ಪ ಕಾಲ ಬೇಕು. ನಮ್ಮಲ್ಲಿ ಕಾಲೇಜು ಮುಗಿದರೆ ಅದರ ತಂಡದ ಜೊತೆಗಿನ ನಂಟೂ ಮುಗಿಯಿತು. ಇಲ್ಲಿ ಕಾಲೇಜು ಮೆಟ್ಟಿಲು ಹತ್ತದವರೂ ತಮ್ಮ ರಾಜ್ಯದ ವಿಶ್ವವಿದ್ಯಾಲಯವನ್ನು ಮನೆದೇವರಂತೆ ನಡೆಸಿಕೊಳ್ಳುತ್ತಾರೆ. ಮಿಶಿಗನ್ ವಿಶ್ವವಿದ್ಯಾಲಯದ ಊರಾದ ಆನ್ ಆರ್ಬರಿನ ಕ್ರೀಡಾಂಗಣದಲ್ಲಿ 1,07,601 ಮಂದಿ ಕೂರಬಹುದು. ಅಲಬಾಮದಂಥ ರಾಜ್ಯದಲ್ಲಿ ಎನ್‌ಎಫ್‌ಎಲ್ ಎಂಬ ದೊಡ್ಡ ವೃತ್ತಿಪರ ಲೀಗಿನ ಒಂದು ತಂಡವೂ ಇಲ್ಲ. ಅಲ್ಲಿ ಕಾಲೇಜು ತಂಡವೇ ಎಲ್ಲ.

ಇನ್ನೊಂದು ಸಂಗತಿ. ಮೇಲ್ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ, ಆದರೆ ಒಂದು ಸೀಸನ್ನಿಗೆ ಒಬ್ಬೊಬ್ಬರಿಗೆ ಸಿಗುವುದು 12 ಪಂದ್ಯ. ಎಲ್ಲರೂ ಎಲ್ಲರ ಮೇಲೆ ಆಡುವ ಮಾತೇ ಇಲ್ಲ. ಹೆಚ್ಚಿನ ಪಂದ್ಯಗಳು ತಮ್ಮ ಕಾನ್ಫರೆನ್ಸ್ ಎಂಬ ಒಕ್ಕೂಟದೊಳಗೇ ಮುಗಿಯುತ್ತವೆ. (ಮಿಶಿಗನ್, ಒಹಾಯೋ ಸ್ಟೇಟ್ ಇರುವ ಒಕ್ಕೂಟದ ಹೆಸರು ಬಿಗ್ ಟೆನ್, ಸದಸ್ಯರು 18. ಲೆಕ್ಕ ಕೇಳಬೇಡಿ.) ಹೀಗಿರುವಾಗ ಪ್ರತಿ ವರ್ಷ ತಪ್ಪದೆ, ಅದೇ ವಾರ, ಅದೇ ಎದುರಾಳಿ ಬರುತ್ತಾನೆ ಎಂದರೆ ಆ ಒಂದು ಪಂದ್ಯದ ತೂಕವೇ ಬೇರೆ. ಹೋದ ವರ್ಷದ ಸೋಲಿಗೆ ಉತ್ತರ ಕೊಡಲು ವರ್ಷಕ್ಕೆ ಒಂದೇ ಮಧ್ಯಾಹ್ನ.

ಇದಕ್ಕೆ ಇಲ್ಲಿಯವರು ರೈವಲ್ರಿ ಅನ್ನುತ್ತಾರೆ. ಕನ್ನಡದಲ್ಲಿ ಪೈಪೋಟಿ ಎಂದು ಬರೆಯುವುದು ರೂಢಿ, ಆದರೆ ಪೈಪೋಟಿ ಎರಡು ಬಸ್ ಕಂಪನಿಗಳ ನಡುವೆಯೂ ಇರುತ್ತದೆ. ನನಗೆ ಹೊಂದುವ ಪದ ದಾಯಾದಿತನ. ಶತ್ರು ದೂರದವನಾಗಿರಬಹುದು. ದಾಯಾದಿ ಹಾಗಲ್ಲ: ಅವನ ನಿಮ್ಮ ನಡುವೆ ಒಂದು ಬದು ಇದೆ, ಹಳೆಯ ವ್ಯಾಜ್ಯ ಇದೆ, ಮದುವೆ ಮುಂಜಿಯಲ್ಲಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಾದ ಕಷ್ಟ ಇದೆ. ಎರಡು ತಂಡಗಳು ನಿಜಕ್ಕೂ ದಾಯಾದಿಗಳೋ ಅಲ್ಲವೋ ಎಂದು ನೋಡಲು ನಾನು ಕೇಳುವ ಪ್ರಶ್ನೆ ಒಂದೇ: ಶನಿವಾರ ಸೋತರೆ, ಸೋಮವಾರ ಗೆದ್ದವರ ಮುಖ ನೋಡಬೇಕಾಗುತ್ತದೆಯೇ?

ಮಿಶಿಗನ್-ಒಹಾಯೋ ವಿಷಯದಲ್ಲಿ ಬದುವಿನ ಜಗಳ ಅಕ್ಷರಶಃ ನಿಜ. ಹಳೆಯ ನಕ್ಷೆಗಳಲ್ಲಿ ಮಿಶಿಗನ್ ಸರೋವರದ ದಕ್ಷಿಣ ತುದಿಯನ್ನು ತಪ್ಪಾಗಿ ಗುರುತಿಸಿದ್ದರಿಂದ, ಟೊಲಿಡೊ ಪಟ್ಟಣವಿರುವ ಒಂದು ಪಟ್ಟಿ ನೆಲ ಯಾರದು ಎಂಬ ತಕರಾರು ಹುಟ್ಟಿತು. 1835ರಲ್ಲಿ ಎರಡೂ ಕಡೆಯವರು ಸೇನೆ ಕಟ್ಟಿಕೊಂಡು ಹೊರಟರು. ಮಿಶಿಗನ್ ಕಡೆಯ ಗವರ್ನರ್ ಸ್ಟೀವನ್ಸ್ ಮೇಸನ್‌ಗೆ ಆಗ 23 ವರ್ಷ. ಯುದ್ಧವೆಂಬ ಹೆಸರೇನೋ ಉಳಿಯಿತು, ಸತ್ತವರು ಯಾರೂ ಇಲ್ಲ. ಸಣ್ಣ ಚಾಕುವಿನಿಂದ ತಿವಿಸಿಕೊಂಡ ಒಬ್ಬ ಮಿಶಿಗನ್ ಅಧಿಕಾರಿ ಬದುಕಿಕೊಂಡ. ಕೊನೆಗೆ ವಾಷಿಂಗ್ಟನ್ನಿನವರು ಟೊಲಿಡೊವನ್ನು ಒಹಾಯೋಗೆ ಕೊಟ್ಟು, ಮಿಶಿಗನ್ನಿಗೆ ಪರಿಹಾರವಾಗಿ ಉತ್ತರದ ಕಾಡುಸೀಮೆ ಅಪ್ಪರ್ ಪೆನಿನ್ಸುಲಾ ಕೊಟ್ಟರು. ಮಿಶಿಗನ್ ಗೊಣಗುತ್ತಲೇ ಒಪ್ಪಿಕೊಂಡು 1837ರ ಜನವರಿಯಲ್ಲಿ ರಾಜ್ಯವಾಯಿತು. ಆಮೇಲೆ ಆ ಕಾಡಿನಲ್ಲಿ ತಾಮ್ರ, ಕಬ್ಬಿಣ ಸಿಕ್ಕಿದವು. ಟೊಲಿಡೊ ಇರುವ ಕೌಂಟಿಗೆ ಮಾತ್ರ ಇವತ್ತಿಗೂ ಅಂದಿನ ಒಹಾಯೋ ಗವರ್ನರ್ ಲೂಕಸ್‌ನ ಹೆಸರು. ಬೆಳಗಾವಿಯ ಹೆಸರು ಕೇಳಿ ಬೆಳೆದ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇವರ ಮೊದಲ ಪಂದ್ಯ 1897ರಲ್ಲಿ, ಮಿಶಿಗನ್ 34-0. 1918ರಿಂದ ಪ್ರತಿ ವರ್ಷ ಆಡುತ್ತಿದ್ದಾರೆ. ತಪ್ಪಿದ್ದು 2020ರಲ್ಲಿ, ಕೋವಿಡ್‌ನಿಂದ. ಮಾಮೂಲಿ ಸೀಸನ್ನಿನ ಕೊನೆಯ ಪಂದ್ಯ ಇದೇ ಆಗಿರುವುದರಿಂದ ಮುಂದಿನದೆಲ್ಲ ಎಷ್ಟೋ ಸಲ ಇಲ್ಲೇ ತೀರ್ಮಾನವಾಗಿದೆ. ಊರವರು ಪಂದ್ಯಕ್ಕೆ ಬೇರೆ ಹೆಸರನ್ನೇ ಇಟ್ಟಿಲ್ಲ. ಬರೀ "ದಿ ಗೇಮ್".

ಎಷ್ಟು ಗೆದ್ದರೂ ಇದೊಂದನ್ನು ಸೋತರೆ ಕಥೆ ಮುಗಿಯಿತು ಅನ್ನುವುದಕ್ಕೆ ಜಾನ್ ಕೂಪರ್ ಸಾಕ್ಷಿ. 1988ರಿಂದ 13 ಸೀಸನ್ ಒಹಾಯೋ ಸ್ಟೇಟಿನ ಕೋಚ್. ಒಟ್ಟು 111 ಗೆಲುವು. ಬೇರೆ ಕಡೆ ಅವನಿಗೆ ಪ್ರತಿಮೆ ನಿಲ್ಲಿಸುತ್ತಿದ್ದರು. ಮಿಶಿಗನ್ ವಿರುದ್ಧ ಅವನ ಲೆಕ್ಕ 2 ಗೆಲುವು, 10 ಸೋಲು, ಒಂದು ಸಮ. ಮನೆಗೆ ಕಳಿಸಿದರು. 2001ರ ಜನವರಿಯಲ್ಲಿ ಅವನ ಜಾಗಕ್ಕೆ ಬಂದ ಜಿಮ್ ಟ್ರೆಸೆಲ್, ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರ ನಡುವೆ ಮೈಕ್ ಹಿಡಿದು, 310 ದಿನಗಳ ನಂತರ ಆನ್ ಆರ್ಬರಿನಲ್ಲಿ ನೀವು ನಮ್ಮ ಹುಡುಗರ ಬಗ್ಗೆ ಹೆಮ್ಮೆಪಡುತ್ತೀರಿ ಎಂದು ದಿನ ಎಣಿಸಿ ಹೇಳಿದ. ಗೆದ್ದೂ ಗೆದ್ದ. ಮಿಶಿಗನ್ನನ್ನು ಸೋಲಿಸಿದ ವರ್ಷ ಒಹಾಯೋ ಸ್ಟೇಟಿನ ಆಟಗಾರರಿಗೆ ಚಡ್ಡಿಯಾಕಾರದ ಪುಟ್ಟ ಚಿನ್ನದ ಬಣ್ಣದ ಪದಕ ಕೊಡುತ್ತಾರೆ. "ಅವರೂ ನಮ್ಮ ಹಾಗೇ ಒಂದೊಂದೇ ಕಾಲು ಹಾಕಿ ಚಡ್ಡಿ ತೊಡುವವರು" ಎಂದು 1934ರಲ್ಲಿ ಕೋಚ್ ಫ್ರಾನ್ಸಿಸ್ ಸ್ಮಿಟ್ ಧೈರ್ಯ ಹೇಳಿದ್ದರ ನೆನಪು ಅದು. ಪಂದ್ಯದ ವಾರ ಒಹಾಯೋ ಸ್ಟೇಟಿನ ಕೊಲಂಬಸ್ ಕ್ಯಾಂಪಸ್ಸಿನ ಫಲಕಗಳಲ್ಲಿ 'ಎಂ' ಅಕ್ಷರ ಇರುವಲ್ಲೆಲ್ಲ ಕೆಂಪು ಟೇಪಿನ ಅಡ್ಡಗೀಟು ಬೀಳುತ್ತದೆ. ಹುಡುಗಾಟ ಎನ್ನಿ, ಆದರೆ ಎಲ್ಲರೂ ಗಂಭೀರವಾಗಿ ಮಾಡುತ್ತಾರೆ.

2024ರದನ್ನು ನಾನು ಎಲ್ಲ ಹೊಸಬರಿಗೂ ಹೇಳುತ್ತೇನೆ. ಒಹಾಯೋ ಸ್ಟೇಟ್ ದೇಶದಲ್ಲಿ ಎರಡನೇ ಸ್ಥಾನದಲ್ಲಿತ್ತು. ಮಿಶಿಗನ್ 6 ಗೆದ್ದು 5 ಸೋತು ಏದುಸಿರು ಬಿಡುತ್ತಿತ್ತು. ಕೊಲಂಬಸ್ಸಿನಲ್ಲೇ ಮಿಶಿಗನ್ 13-10ರಿಂದ ಗೆದ್ದು, ಮೈದಾನದ ನಡುವೆ ಬಾವುಟ ನೆಡಲು ಹೋಯಿತು. ಕೈ ಕೈ ಮಿಲಾಯಿಸಿತು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಆ ವರ್ಷದಿಂದ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ ಪಂದ್ಯಗಳಿಗೆ 12 ತಂಡಗಳು ಬಂದದ್ದರಿಂದ ಸೋತ ಒಹಾಯೋ ಸ್ಟೇಟಿಗೂ ಜಾಗ ಸಿಕ್ಕಿ, ಜನವರಿಯಲ್ಲಿ ನಾಟ್ರ ಡೇಮನ್ನು 34-23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ನನ್ನ ಟೊಲಿಡೊ ಗೆಳೆಯನಿಗೆ ಅಭಿನಂದನೆ ಹೇಳಿದೆ. "ಥ್ಯಾಂಕ್ಸ್. ಆದರೂ ಆ ದಿನ..." ಅಂದು ನಿಲ್ಲಿಸಿದ. ದೇಶವನ್ನೇ ಗೆದ್ದರೂ ಆ ಒಂದು ಮಧ್ಯಾಹ್ನ ಕರಗಿಲ್ಲ.

ದಾಯಾದಿತನಕ್ಕೆ ಇನ್ನೊಂದು ಮುಖ ಇದೆ. ದಾಯಾದಿಯ ಜೊತೆ ಮಾತು ಬಿಟ್ಟಿದ್ದರೂ ಅವನ ಮನೆಯಲ್ಲಿ ಸಾವಾದರೆ ನಮಗೆ ಸೂತಕ. ಒಹಾಯೋ ಸ್ಟೇಟಿನ ಕೋಚ್ ವುಡಿ ಹೇಸ್ ಮಿಶಿಗನ್ನಿನ ಹೆಸರನ್ನೇ ಎತ್ತುತ್ತಿರಲಿಲ್ಲ, "ಆ ಉತ್ತರದ ತಂಡ" ಅನ್ನುತ್ತಿದ್ದ. ಮಿಶಿಗನ್ನಿನಲ್ಲಿ ಪೆಟ್ರೋಲ್ ಹಾಕಿಸಲು ಒಪ್ಪದೆ ಕಾರು ತಳ್ಳಿಕೊಂಡು ಗಡಿ ದಾಟಲೂ ಸಿದ್ಧನಿದ್ದ ಎಂಬ ಕಥೆ ಒಹಾಯೋದಲ್ಲಿ ಎಲ್ಲರ ಬಾಯಲ್ಲೂ ಇದೆ. 1969ರಲ್ಲಿ ಮಿಶಿಗನ್ ತನ್ನ ಕೋಚ್ ಆಗಿ ಕರೆತಂದದ್ದು ಬೋ ಶೆಂಬೆಕ್ಲರ್‌ನನ್ನು. ಹುಟ್ಟಿದ್ದು ಒಹಾಯೋದಲ್ಲಿ, ಆಟ ಕಲಿತದ್ದು ಇದೇ ವುಡಿಯ ಕೈಕೆಳಗೆ. ಶಿಷ್ಯ ಮೊದಲ ವರ್ಷವೇ ಗುರುವಿನ 22 ಪಂದ್ಯಗಳ ಜಯಯಾತ್ರೆಯನ್ನು 24-12ರಿಂದ ನಿಲ್ಲಿಸಿದ. ಹತ್ತು ವರ್ಷ ಎದುರುಬದುರು ನಿಂತರು: ಶಿಷ್ಯನಿಗೆ 5, ಗುರುವಿಗೆ 4, ಒಂದು ಸಮ. 2006ರಲ್ಲಿ ಎರಡೂ ತಂಡ ಒಂದೂ ಸೋಲದೆ, ದೇಶದ ಒಂದು ಮತ್ತು ಎರಡನೇ ಸ್ಥಾನದಲ್ಲಿದ್ದು, ಕೊಲಂಬಸ್ಸಿನಲ್ಲಿ ಎದುರಾಗುವ ಹಿಂದಿನ ದಿನ ಬೋ ತೀರಿಕೊಂಡ. ಮರುದಿನ ಒಹಾಯೋ ಕ್ರೀಡಾಂಗಣದಲ್ಲಿ ಆ ಕೆಂಪು ಜನಸಾಗರ ಅವನಿಗಾಗಿ ಮೌನವಾಗಿ ನಿಂತಿತು. ಆಮೇಲೆ 42-39ರಿಂದ ಒಹಾಯೋ ಸ್ಟೇಟ್ ಗೆದ್ದಿತು.

ದಾಯಾದಿತನ ಎರಡೂ ಕಡೆ ಒಂದೇ ಅಳತೆಯಲ್ಲಿ ಇರಬೇಕೆಂದಿಲ್ಲ. ನಮ್ಮ ಮಿಶಿಗನ್ನಿನಲ್ಲೇ ಮಿಶಿಗನ್ ಸ್ಟೇಟ್ ಎಂಬ ಇನ್ನೊಂದು ದೊಡ್ಡ ವಿಶ್ವವಿದ್ಯಾಲಯ ಇದೆ. ಅವರಿಗೆ ಮಿಶಿಗನ್ ವಿರುದ್ಧದ ಪಂದ್ಯವೇ ಹಬ್ಬ. ಮಿಶಿಗನ್ನಿಗೆ ಇವರು ಎರಡನೆಯವರು. 2007ರಲ್ಲಿ ಗೆದ್ದ ಹುಮ್ಮಸ್ಸಿನಲ್ಲಿ ಮಿಶಿಗನ್ನಿನ ಆಟಗಾರ ಮೈಕ್ ಹಾರ್ಟ್ ಅವರನ್ನು "ಪುಟ್ಟ ತಮ್ಮ" ಅಂದುಬಿಟ್ಟ. ತಮ್ಮ ಮುಂದಿನ 8 ವರ್ಷದಲ್ಲಿ 7 ಸಲ ಅಣ್ಣನನ್ನು ಬಡಿದ. ಹೀಗೆ ಓರೆಯಾಗಿದ್ದರೂ ಅದು ನಿಜವಾದದ್ದೇ, ಯಾಕೆಂದರೆ ಒಂದೇ ಬೀದಿಯಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ, ಇಬ್ಬರೂ ಇದ್ದಾರೆ.

ಹಾಗಂತ ಒಬ್ಬನೇ ಕೂತು ದಾಯಾದಿಯನ್ನು ಸೃಷ್ಟಿಸಿಕೊಳ್ಳಲು ಆಗದು. 2015ರಲ್ಲಿ ಕನೆಟಿಕಟ್ ವಿಶ್ವವಿದ್ಯಾಲಯದ ಕೋಚ್ ಬಾಬ್ ಡಿಯಾಕೊ, ಫ್ಲಾರಿಡಾದ ಯುಸಿಎಫ್ ತಂಡವೇ ಇನ್ನು ನಮ್ಮ ರೈವಲ್ ಎಂದು ತಾನೇ ಘೋಷಿಸಿ, ಟ್ರೋಫಿಯನ್ನೂ ಮಾಡಿಸಿದ. ಯುಸಿಎಫ್‌ನವರಿಗೆ ಇದು ಗೊತ್ತೇ ಇರಲಿಲ್ಲ. ಮರುವರ್ಷ ಅವರು ಗೆದ್ದು, ಟ್ರೋಫಿಯನ್ನು ಮೈದಾನದ ಬದಿಯಲ್ಲೇ ಬಿಟ್ಟು ಹೋದರು. ಕರೆಯದ ಮನೆಯ ತಾಂಬೂಲ ಯಾರಿಗೆ ಬೇಕು?

ಅಲಬಾಮ ಮತ್ತು ಆಬರ್ನ್ ವಿಶ್ವವಿದ್ಯಾಲಯಗಳ ನಡುವಿನದು ಬೇರೆ ಜಾತಿ. ಒಂದೇ ರಾಜ್ಯ, ಗಡಿಯೇ ಇಲ್ಲ, ಹಾಗಾಗಿ ಬಿಡುಗಡೆಯೂ ಇಲ್ಲ. 1893ರಲ್ಲಿ ಶುರುವಾಗಿ, 1907ರ ನಂತರ ಆಟಗಾರರ ಖರ್ಚಿನ ಕೆಲವು ಡಾಲರು ಮತ್ತು ಅಂಪೈರ್ ಯಾರು ಎಂಬ ಜಗಳಕ್ಕೆ 41 ವರ್ಷ ಆಡಲೇ ಇಲ್ಲ. 1948ರಲ್ಲಿ ಮತ್ತೆ ಆಡುವ ಮೊದಲು ಬರ್ಮಿಂಗ್‌ಹ್ಯಾಮಿನ ಉದ್ಯಾನದಲ್ಲಿ ಎರಡೂ ಕಡೆಯ ವಿದ್ಯಾರ್ಥಿ ನಾಯಕರು ಒಂದು ಕೊಡಲಿಯನ್ನು ಹೂತರು. ಕೊಡಲಿ ಹೂತರೂ ಹಗೆ ಹೂಳಲಿಲ್ಲ. 2010ರಲ್ಲಿ ಆಬರ್ನ್ 0-24ರ ಹಿನ್ನಡೆಯಿಂದ ಎದ್ದು 28-27ರಿಂದ ಗೆದ್ದ ಮೇಲೆ, ಅಲಬಾಮದ ಅಭಿಮಾನಿಯೊಬ್ಬ ಆಬರ್ನಿನ ಜನ ಗೆಲುವಿನ ಸಂಭ್ರಮ ಆಚರಿಸುತ್ತಿದ್ದ ಓಕ್ ಮರಗಳಿಗೆ ವಿಷ ಹಾಕಿ, ರೇಡಿಯೊಗೆ ಫೋನ್ ಮಾಡಿ ಅದನ್ನು ತಾನೇ ಕೊಚ್ಚಿಕೊಂಡ. ಜೈಲಿಗೂ ಹೋದ. ಮರಕ್ಕೆ ವಿಷ ಹಾಕುವುದನ್ನು ಅಭಿಮಾನ ಎಂದು ನಾನು ಕರೆಯಲಾರೆ.

ಈಗ ಇವನ್ನೆಲ್ಲ ಕೆಡಿಸುತ್ತಿರುವುದು ಟಿವಿ ದುಡ್ಡು. ಒಕ್ಕೂಟ ಬದಲಿಸಿದರೆ ಹಳೆಯ ಎದುರಾಳಿ ವೇಳಾಪಟ್ಟಿಯಿಂದ ಜಾರಿಹೋಗುತ್ತಾನೆ. ಟೆಕ್ಸಾಸ್ ಮತ್ತು ಟೆಕ್ಸಾಸ್ ಎ ಅಂಡ್ ಎಂ 2011ರಲ್ಲಿ ಬೇರೆಯಾದವು; ಆದರೂ ಎ ಅಂಡ್ ಎಂ ಜನ ಆಡದ ಎದುರಾಳಿಯ ಕೊಂಬು ಕತ್ತರಿಸುವ ಹಾಡನ್ನು (ಟೆಕ್ಸಾಸ್ ತಂಡದ ಗುರುತು ಉದ್ದ ಕೊಂಬಿನ ಎತ್ತು) ಹಾಡುತ್ತಲೇ ಇದ್ದರು. 2024ರಲ್ಲಿ ಟೆಕ್ಸಾಸ್ ಕೂಡ ಅದೇ ಒಕ್ಕೂಟಕ್ಕೆ ಬಂದು ಪಂದ್ಯ ಮರಳಿತು. ಓಕ್ಲಹೋಮಾ ಮತ್ತು ಓಕ್ಲಹೋಮಾ ಸ್ಟೇಟ್ 1910ರಿಂದ ಪ್ರತಿ ವರ್ಷ ಆಡಿದವು. 2023ಕ್ಕೆ ಅದು ನಿಂತಿತು. ಹಿಸ್ಸೆ ಆಗಿ ಒಬ್ಬ ಊರು ಬಿಟ್ಟ ಹಾಗೆ.

ನಮ್ಮವರಿಗೆ ಕೆಲವು ಮಾತು. ಈ ಊರುಗಳಿಗೆ ಕೆಲಸಕ್ಕೆ ಬಂದರೆ, "ಬರೀ ಆಟ ತಾನೆ" ಎಂದು ಸೋತವರನ್ನು ಸಮಾಧಾನ ಮಾಡಬೇಡಿ. ಯಾರ ಕಡೆ ಎಂದು ಕೇಳಿದರೆ ಪಕ್ಕದ ಮನೆಯವರ ಕಡೆ ಅನ್ನಿ. ಎರಡೂ ಕಡೆ ಅಂದರೆ ಇಬ್ಬರಿಗೂ ಬೇಡವಾಗುತ್ತೀರಿ. ಮಗಳು ಕೊಲಂಬಸ್ಸಿಗೆ ಓದಲು ಹೋಗುತ್ತಾಳೆ ಎಂದು ಆನ್ ಆರ್ಬರಿನಲ್ಲಿ ಹೇಳುವಾಗ ಮೊದಲು ಕೋರ್ಸಿನ ಹೆಸರು ಹೇಳಿ, ಕಾಲೇಜಿನದು ಆಮೇಲೆ.

ಗೃಹಪ್ರವೇಶಕ್ಕೆ ಪಂಚಾಂಗ ನೋಡುವಾಗ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಶನಿವಾರವನ್ನು ಬಿಟ್ಟುಬಿಡಿ. ಪಂದ್ಯ ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಶುರುವಾಗಿ ಮೂರೂವರೆ ಗಂಟೆ ನಡೆಯುತ್ತದೆ. ಇದು ತಿಳಿಯದೆ ನಾವು 2021ರಲ್ಲಿ ಅದೇ ದಿನ ಇಟ್ಟುಕೊಂಡೆವು. ಹೊರಗೆ ಹಿಮ, ಒಳಗೆ ಹೋಮದ ಹೊಗೆ, ಕರೆದಿದ್ದ ನೆರೆಯವರಲ್ಲಿ ಒಬ್ಬರೂ ಇಲ್ಲ. ನಾಲ್ಕು ಗಂಟೆಯ ಹೊತ್ತಿಗೆ, ಪುಳಿಯೋಗರೆ ಡಬ್ಬಿಗೆ ತುಂಬುತ್ತಿದ್ದಾಗ, ಬಾಗಿಲಲ್ಲಿ ಹನ್ನೊಂದು ಮಂದಿ ಹಳದಿ-ನೀಲಿ. ಮಿಶಿಗನ್ 42-27, ಹತ್ತು ವರ್ಷದ ನಂತರ ಮೊದಲ ಗೆಲುವು. ಡಬ್ಬಿಯಿಂದ ಎಲ್ಲವನ್ನೂ ಮತ್ತೆ ಪಾತ್ರೆಗೆ ಸುರಿದೆವು.