ಕರ್ನಾಟಕ ಕರಾವಳಿಯ ಜೆಲ್ಲಿ ಮೀನುಗಳು: ಹೆಸರು ಹಿಡಿದು ನಕ್ಷೆ ಬರೆದ ನನ್ನ ಅನುಭವ

ಕಾರವಾರದಿಂದ ಮಂಗಳೂರಿನವರೆಗೆ ಯಾವ ಜೆಲ್ಲಿ ಮೀನು ಎಲ್ಲಿ, ಯಾವ ತಿಂಗಳಲ್ಲಿ ಕಾಣಿಸುತ್ತದೆ ಎಂಬುದನ್ನು ದಾಖಲಿಸುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಪ್ರಭೇದವನ್ನು ಗುರುತಿಸುವುದು ಒಂದು ಕೆಲಸ, ಅದರ ಹರಡಿಕೆಯನ್ನು ನಕ್ಷೆಗೆ ಇಳಿಸುವುದು ಇನ್ನೊಂದು ಕೆಲಸ ಎಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಆದರೆ ಹೆಸರು ಸಂದೇಹಕ್ಕೆ ಒಳಗಾದ ಕ್ಷಣವೇ ಆ ಹೆಸರಿನಡಿ ಬರೆದ ನಕ್ಷೆಯೂ ಸಂದೇಹಕ್ಕೆ ಒಳಗಾಗುತ್ತದೆ. ಹೀಗಾಗಿ ನನ್ನ ಸಮಯದ ಬಹುಪಾಲು ಹೆಸರಿನ ಮೇಲೆಯೇ ಕಳೆದಿದೆ, ಈ ಬರಹದಲ್ಲಿಯೂ ಅದಕ್ಕೇ ಹೆಚ್ಚು ಜಾಗ ಹೋಗುತ್ತದೆ.

ದಡದಲ್ಲಿ ಸಿಕ್ಕ ಲೋಳೆಯಂತಹ ಪ್ರಾಣಿಗಳೆಲ್ಲವೂ ಜೆಲ್ಲಿ ಮೀನುಗಳಲ್ಲವಾದ್ದರಿಂದ ಮೊದಲ ವಿಂಗಡಣೆಯನ್ನು ಸ್ಥಳದಲ್ಲಿಯೇ ಮಾಡಿಬಿಡುತ್ತೇನೆ. ಮೈಮೇಲೆ ಎಂಟು ಸಾಲು ಬಾಚಣಿಗೆಯ ಹಲ್ಲುಗಳಂತಹ ರೋಮಗಳಿದ್ದು, ಬೆಳಕಿಗೆ ಹಿಡಿದಾಗ ಬಣ್ಣಬಣ್ಣವಾಗಿ ಮಿನುಗಿದರೆ ಅದು ಟೀನೋಫೋರ. ಅದರದು ಬೇರೆಯೇ ವಂಶ, ಕುಟುಕುಕಣಗಳ ಬದಲು ಬೇಟೆಗೆ ಅಂಟಿಕೊಳ್ಳುವ ಕಣಗಳು ಅದಕ್ಕಿವೆ. ಅದನ್ನು ಬದಿಗಿಟ್ಟರೆ ಉಳಿಯುವುದು ನಿಡೇರಿಯಾ ವಂಶ. ಅದರೊಳಗೆ ಮೆಡ್ಯೂಸಾ ಎಂಬ ಕೊಡೆಯಾಕಾರದ ಹಂತವಿರುವ ನಾಲ್ಕು ವರ್ಗಗಳನ್ನು ಈಗ ಒಪ್ಪಲಾಗಿದೆ: ಸೈಫೋಜೋವಾ, ಕ್ಯೂಬೋಜೋವಾ, ಹೈಡ್ರೋಜೋವಾ ಮತ್ತು ಸ್ಟಾರೋಜೋವಾ. ತಮ್ಮದೇ ಕಾಂಡದಿಂದ ಅಂಟಿಕೊಂಡೇ ಬದುಕುವ ಸ್ಟಾರೋಜೋವಾಗಳು ಬಹುತೇಕ ತಣ್ಣೀರಿನ ಜೀವಿಗಳು, ನಮ್ಮ ಕೆಲಸದಲ್ಲಿ ಅವು ಎದುರಾಗುವುದಿಲ್ಲ. ಹೈಡ್ರೋಜೋವಾದ ಮೆಡ್ಯೂಸಾಗಳು ಹೆಚ್ಚಾಗಿ ಸಣ್ಣವು, ಕೊಡೆಯ ಒಳ ಅಂಚಿನಲ್ಲಿ ವೀಲಮ್ ಎಂಬ ತೆಳುವಾದ ಪೊರೆ ಇರುವುದು ಅವುಗಳ ಗುರುತು; ಮಳೆಗಾಲದ ಸುಮಾರಿಗೆ ಮರಳಿನ ಮೇಲೆ ನೀಲಿ ಬಿಲ್ಲೆಗಳಾಗಿ ಬಿದ್ದಿರುವ ಪೋರ್ಪಿಟಾ, ಗಾಳಿ ತುಂಬಿದ ನೀಲಿ ಚೀಲದ ಫೈಸೇಲಿಯಾ ಎರಡೂ ಇದೇ ವರ್ಗದವು. ಕ್ಯೂಬೋಜೋವಾದ ಕೊಡೆಗೆ ನಾಲ್ಕು ಮೂಲೆಗಳಿದ್ದು, ಕುಟುಕುವ ಎಳೆಗಳಾದ ಕರಬಳ್ಳಿಗಳು ಆ ಮೂಲೆಗಳಿಂದ ಮಾತ್ರ ಇಳಿಯುತ್ತವೆ. ಮೂಲೆಗೊಂದೇ ಕರಬಳ್ಳಿ ಇದ್ದರೆ ಕ್ಯಾರಿಬ್ಡೀಡಾ ಗಣ, ಮೂಲೆಯಿಂದ ಹಲವು ಇಳಿದಿದ್ದರೆ ಕೈರೋಡ್ರೋಪಿಡಾ ಗಣ ಎಂಬುದು ಸಾಮಾನ್ಯ ನಿಯಮ. ಎರಡನೆಯದನ್ನು ಬಕೆಟ್ಟಿಗೆ ಹಾಕುವಾಗ ಕೈಗವಸಿನ ತೋಳು ಮೊಣಕೈಯವರೆಗೆ ಇದೆಯೇ ಎಂದು ನೋಡಿಕೊಳ್ಳುತ್ತೇನೆ.

ಬಲೆಗೆ ಬೀಳುವ ದೊಡ್ಡ ಜೆಲ್ಲಿ ಮೀನುಗಳಲ್ಲಿ ಬಹುತೇಕ ಎಲ್ಲವೂ ಸೈಫೋಜೋವಾಗಳು. ಈ ವರ್ಗವನ್ನು ಮೂರು ಮುಖ್ಯ ಗುಂಪುಗಳಾಗಿ ನೋಡುವ ರೂಢಿ ಇದೆ. ಕೊಡೆಯ ಸುತ್ತ ಆಳವಾದ ತೋಡಿರುವ ಕೊರೊನೇಟೆಗಳು ಹೆಚ್ಚಾಗಿ ಆಳ ಸಮುದ್ರದವು. ಸೀಮಿಯೋಸ್ಟೋಮಿಗಳಿಗೆ ನಡುವೆ ಒಂದು ಬಾಯಿ, ಅದರ ಸುತ್ತ ನಾಲ್ಕು ಬಾಯ್ತೋಳುಗಳು, ಜೊತೆಗೆ ಕರಬಳ್ಳಿಗಳು. ರೈಜೋಸ್ಟೋಮಿಗಳಿಗೆ ಕೊಡೆಯ ಅಂಚಿನಲ್ಲಿ ಕರಬಳ್ಳಿಗಳೇ ಇಲ್ಲ; ಎಂಟು ದಪ್ಪ ಬಾಯ್ತೋಳುಗಳಿದ್ದು, ಒಂದು ಬಾಯಿಯ ಬದಲು ಆ ತೋಳುಗಳ ತುಂಬ ಸಾವಿರಾರು ಸೂಕ್ಷ್ಮ ಬಾಯಿಗಳಿವೆ. ಪ್ರಾಣಿಯನ್ನು ಮಗುಚಿ ಕೊಡೆಯ ಕೆಳಭಾಗವನ್ನು ನೋಡಿದರೆ ಸಾಕು, ಗಣ ಯಾವುದೆಂದು ತಿಳಿಯುತ್ತದೆ. ಅಲ್ಲಿಂದ ಮುಂದಿನದೇ ಕಷ್ಟದ ದಾರಿ.

ಮಾದರಿಗಳಿಗೆ ನಾನು ಮುಖ್ಯವಾಗಿ ಮೀನುಗಾರರನ್ನೇ ಅವಲಂಬಿಸಿದ್ದೇನೆ. ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರ ಬಂದರುಗಳಲ್ಲಿ ಟ್ರಾಲ್ ಬೋಟುಗಳು ಬರುವ ಹೊತ್ತಿಗೆ ಹೋಗಿ ನಿಂತರೆ ಬಲೆಯಿಂದ ಬಿಡಿಸಿ ಎಸೆಯುವುದಕ್ಕೆ ಮೊದಲೇ ಪ್ರಾಣಿ ಕೈಗೆ ಸಿಗುತ್ತದೆ. ಆದರೆ ಟ್ರಾಲ್‌ನಲ್ಲಿ ಬಂದದ್ದು ಜಜ್ಜಿಹೋಗಿರುತ್ತದೆ, ಬಾಯ್ತೋಳುಗಳ ತುದಿ ಬಹುಪಾಲು ಉಳಿದಿರುವುದಿಲ್ಲ. ದಡದಿಂದಲೇ ಎಳೆಯುವ ಕೈರಂಪಣಿ ಬಲೆಯಲ್ಲಿ ಸಿಕ್ಕದ್ದು ಇಡಿಯಾಗಿರುತ್ತದೆ, ಆದ್ದರಿಂದ ಗುರುತಿಸುವ ಕೆಲಸಕ್ಕೆ ಅದೇ ಉತ್ತಮ. ಯಾವುದು ಮೈಗೆ ತಾಗಿದರೆ ಬರೀ ತುರಿಕೆ, ಯಾವುದು ಉರಿ, ಯಾವುದರ ಹಿಂಡು ಕಂಡರೆ ಬಲೆಯನ್ನೇ ಹಾಕಬಾರದು ಎಂಬುದನ್ನು ಬೋಟು ನಡೆಸುವ ತಂಡೇಲರು ಕೊಡೆಯ ಬಣ್ಣದಿಂದಲೇ ಹೇಳುತ್ತಾರೆ, ಅವರ ವಿಂಗಡಣೆ ಕುಟುಂಬದ ಮಟ್ಟದಲ್ಲಿ ಆಶ್ಚರ್ಯವಾಗುವಷ್ಟು ಸರಿಯಾಗಿರುತ್ತದೆ. ಮಲ್ಪೆಯ ಹಿರಿಯರೊಬ್ಬರು ನನ್ನ ಅಳತೆಪಟ್ಟಿಯನ್ನು ನೋಡಿ, "ಇದನ್ನೂ ಅಳೀತೀರಾ ಮಾರಾಯ್ರೆ?" ಎಂದು ನಕ್ಕಿದ್ದರು, ಆಮೇಲೆ ಒಳ್ಳೆಯ ಮಾದರಿ ಸಿಕ್ಕಾಗಲೆಲ್ಲ ಐಸಿನಲ್ಲಿಟ್ಟು ಫೋನ್ ಮಾಡುವವರೂ ಅವರೇ. ಸತ್ತ ಪ್ರಾಣಿಯ ಕುಟುಕುಕಣಗಳೂ ಸಿಡಿಯುತ್ತವೆ ಎಂಬುದನ್ನು ಮಾತ್ರ ಅವರಿಗೆ ನಾನು ಹೇಳಬೇಕಾಗಿ ಬರಲಿಲ್ಲ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಸಂಗ್ರಹದಲ್ಲಿ ಕ್ರಮ ಬಹಳ ಮುಖ್ಯ. ಮೊದಲು ಸಮುದ್ರದ ನೀರು ತುಂಬಿದ ತೊಟ್ಟಿಯಲ್ಲಿ ತೇಲಿಬಿಟ್ಟು ಮೇಲಿನಿಂದ, ಪಕ್ಕದಿಂದ, ಅಡಿಯಿಂದ ಚಿತ್ರ ತೆಗೆಯುತ್ತೇನೆ, ಏಕೆಂದರೆ ಬಣ್ಣವೂ ಚುಕ್ಕೆಗಳೂ ದ್ರಾವಣದಲ್ಲಿ ಉಳಿಯುವುದಿಲ್ಲ. ಅನಂತರ ಬಾಯ್ತೋಳಿನ ಒಂದು ಚೂರನ್ನು ಕತ್ತರಿಸಿ ಶೇ. 95ರ ಎಥನಾಲಿನಲ್ಲಿ ಹಾಕುತ್ತೇನೆ. ಇದನ್ನು ಫಾರ್ಮಲಿನ್ ತಾಗುವ ಮೊದಲೇ ಮಾಡಬೇಕು, ಫಾರ್ಮಲಿನ್ ಸೋಕಿದ ಅಂಗಾಂಶದಿಂದ ಡಿಎನ್ಎ ತೆಗೆಯುವುದು ಬಹಳ ಪ್ರಯಾಸದ ಕೆಲಸ. ಉಳಿದ ದೇಹ ಸಮುದ್ರದ ನೀರಿನಲ್ಲಿ ಬೆರೆಸಿದ ಶೇ. 5ರ ಫಾರ್ಮಲಿನ್‌ಗೆ ಹೋಗುತ್ತದೆ, ಆಮ್ಲತೆ ತಗ್ಗಲೆಂದು ಅದಕ್ಕೆ ಸ್ವಲ್ಪ ಬೊರಾಕ್ಸ್ ಸೇರಿಸುತ್ತೇನೆ. ಇಡೀ ಪ್ರಾಣಿಯನ್ನು ಎಥನಾಲಿನಲ್ಲಿ ಇಡುವುದರಲ್ಲಿ ಅರ್ಥವಿಲ್ಲ, ದೇಹದ ಸುಮಾರು ಶೇ. 95 ಭಾಗ ನೀರೇ ಆಗಿರುವುದರಿಂದ ಅದು ಕುಗ್ಗಿ ಗುರುತು ಸಿಗದಂತಾಗುತ್ತದೆ.

ಅಳತೆ ಎಂದರೆ ಕೊಡೆಯ ವ್ಯಾಸವಷ್ಟೇ ಅಲ್ಲ. ಕೊಡೆಯ ಅಂಚಿನಲ್ಲಿ ಸಮತೋಲ ಮತ್ತು ಬೆಳಕನ್ನು ಗ್ರಹಿಸುವ ರೋಪೇಲಿಯಮ್‌ಗಳಿರುತ್ತವೆ, ನಾವು ಕಾಣುವ ಬಹುತೇಕ ಸೈಫೋಜೋವಾಗಳಲ್ಲಿ ಅವು ಎಂಟು. ಎದುರುಬದುರಾದ ಎರಡು ರೋಪೇಲಿಯಮ್‌ಗಳ ನಡುವಿನ ದೂರವೇ ವ್ಯಾಸ. ಅವುಗಳ ನಡುವಿನ ಹಾಲೆಗಳನ್ನೂ ಕರಬಳ್ಳಿಗಳನ್ನೂ ಎಣಿಸಬೇಕು. ಸೀಮಿಯೋಸ್ಟೋಮಿಗಳಲ್ಲಿ ಪೆಲಾಜಿಯಾ ಎಂಬ ಜಾತಿಗೆ ಎಂಟೇ ಕರಬಳ್ಳಿಗಳು. ಕ್ರೈಸೋರಾ ಜಾತಿಗೆ 24 ಅಥವಾ ಅದಕ್ಕೂ ಹೆಚ್ಚು. ಆದರೆ ಕ್ರೈಸೋರಾದ ಮರಿ ಬೆಳೆಯುವಾಗ ಎಂಟೇ ಕರಬಳ್ಳಿಗಳಿರುವ ಒಂದು ಹಂತವನ್ನು ದಾಟುತ್ತದೆ, ಆದ್ದರಿಂದ ಸಣ್ಣ ಮಾದರಿಗಳನ್ನು ನಾನು ಎಣಿಕೆಯ ಆಧಾರದ ಮೇಲೆ ಮಾತ್ರ ಹೆಸರಿಸದೆ ಕುಟುಂಬದ ಮಟ್ಟದಲ್ಲೇ ನಿಲ್ಲಿಸುತ್ತೇನೆ. ಸಯಾನಿಯಾ ಜಾತಿಯಲ್ಲಿ ಕರಬಳ್ಳಿಗಳು ಅಂಚಿನಲ್ಲಿರದೆ ಕೊಡೆಯ ಅಡಿಯಲ್ಲಿ ಎಂಟು ಗುಂಪುಗಳಾಗಿ ಇರುವುದರಿಂದ ಅಷ್ಟರಮಟ್ಟಿಗೆ ಅದು ಸುಲಭ.

ರೈಜೋಸ್ಟೋಮಿಗಳಲ್ಲಿ ಎಣಿಸಲು ಕರಬಳ್ಳಿಗಳಿಲ್ಲ, ಎಲ್ಲವೂ ಬಾಯ್ತೋಳಿನ ರಚನೆಯ ಮೇಲೆ ನಿಂತಿದೆ. ಭಾರತದ ತೀರದಲ್ಲಿ ಕ್ರಾಂಬಿಯೊನೆಲ್ಲಾ ಜಾತಿಯ ಮೂರು ಪ್ರಭೇದಗಳು ವರದಿಯಾಗಿವೆ: ಓರ್ಸಿನಿ, ಸ್ಟೂಲ್ಮನ್ನಿ, ಅನ್ನಂಡೇಲಿ. ಮೂರರಲ್ಲಿಯೂ ಬಾಯ್ತೋಳಿನ ತುದಿಯಲ್ಲಿ ಗದೆಯಂತಹ ಒಂದು ಗಟ್ಟಿ ಭಾಗವಿರುತ್ತದೆ. ಆ ಗದೆಯ ಉದ್ದಕ್ಕೂ ಉಳಿದ ತೋಳಿನ ಉದ್ದಕ್ಕೂ ಇರುವ ಅನುಪಾತ, ತೋಳಿನ ಸುರುಳಿಗಳ ನಡುವೆ ಸಣ್ಣ ಉಪಾಂಗಗಳು ಇವೆಯೇ ಇಲ್ಲವೇ ಎಂಬುದು, ಇವೇ ಅವನ್ನು ಬೇರ್ಪಡಿಸುವ ಮುಖ್ಯ ಲಕ್ಷಣಗಳು. ಟ್ರಾಲ್ ಬಲೆಯಲ್ಲಿ ಮೊದಲು ಮುರಿಯುವುದೂ ಅದೇ ತುದಿ. ಹೀಗಾಗಿ ತುದಿ ಮುರಿದ ಮಾದರಿಗೆ ಪ್ರಭೇದದ ಹೆಸರು ಕೊಡದೆ ಕ್ರಾಂಬಿಯೊನೆಲ್ಲಾ ಎಂದಷ್ಟೇ ಬರೆದಿಡುವುದು ನನ್ನ ಕಟ್ಟುನಿಟ್ಟಿನ ನಿಯಮ, ಅದರಿಂದ ನನ್ನ ಪಟ್ಟಿ ನೋಡಲು ಬಡವಾಗಿದ್ದರೂ ಚಿಂತೆಯಿಲ್ಲ.

ಹೋಲಿಸಿ ನೋಡಲು ಹಳೆಯ ಸಾಹಿತ್ಯ ಬೇಕೇ ಬೇಕು. ಚಿಲ್ಕಾ ಸರೋವರದಿಂದ 1915ರಲ್ಲಿ ಅಕ್ರೋಮಿಟಸ್ ರಬಂಚಾಟು ಎಂಬ ಪ್ರಭೇದವನ್ನು ವಿವರಿಸಿದ ನೆಲ್ಸನ್ ಅನ್ನಂಡೇಲ್, ಮದ್ರಾಸಿನ ಸೈಫೋಮೆಡ್ಯೂಸಾಗಳ ಬಗ್ಗೆ 1930ರಲ್ಲಿ ಬರೆದ ಎಂ.ಜಿ.ಕೆ. ಮೆನನ್, ಮರುವರ್ಷ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್‌ನ ಸಂಗ್ರಹವನ್ನು ಪರಿಶೀಲಿಸಿ ಕ್ರಾಂಬಿಯೊನೆಲ್ಲಾ ಅನ್ನಂಡೇಲಿಯನ್ನು ಹೆಸರಿಸಿದ ಎಚ್. ಶ್ರೀನಿವಾಸ ರಾವ್, ಇವರ ವಿವರಣೆಗಳು ಇಂದಿಗೂ ಮೇಜಿನ ಮೇಲೆ ತೆರೆದೇ ಇರುತ್ತವೆ. ಜಗತ್ತಿನ ಮೆಡ್ಯೂಸಾಗಳನ್ನೆಲ್ಲ ಒಟ್ಟುಗೂಡಿಸಿದ ಕ್ರಾಂಪ್ ಅವರ 1961ರ ಸಾರಸಂಗ್ರಹವನ್ನು ಬಿಟ್ಟು ಈ ಕೆಲಸ ಮಾಡಲಾಗದು. ಆದರೆ ಈ ಹಳೆಯ ಹೆಸರುಗಳನ್ನು ಈಗ ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಲಿನೇಯಸ್ 1758ರಲ್ಲಿ ಹೆಸರಿಸಿದ ಆರೇಲಿಯಾ ಆರಿಟಾ ಬಹುಕಾಲ ಜಗತ್ತಿನ ಎಲ್ಲ ಸಮುದ್ರಗಳಲ್ಲಿಯೂ ಇರುವ ಒಂದೇ ಪ್ರಭೇದ ಎಂದು ಎಣಿಸಲ್ಪಟ್ಟಿತ್ತು. 2001ರಲ್ಲಿ ಡಾಸನ್ ಮತ್ತು ಜೇಕಬ್ಸ್ ಡಿಎನ್ಎ ಹೋಲಿಸಿ, ಆ ಒಂದು ಹೆಸರಿನಡಿ ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಹಲವು ಪ್ರಭೇದಗಳು ಅಡಗಿವೆ ಎಂದು ತೋರಿಸಿದರು. ಕ್ರೈಸೋರಾದ ಕಥೆಯೂ ಹೆಚ್ಚು ಭಿನ್ನವಲ್ಲ. ಉತ್ತರ ಅಮೆರಿಕದ ಅಟ್ಲಾಂಟಿಕ್ ತೀರದ ಪ್ರಾಣಿಗೆ ಕೊಟ್ಟ ಕ್ವಿನ್ಕ್ವೆಸಿರ್ರಾ ಎಂಬ ಹೆಸರನ್ನು ಭಾರತದ ಹಲವು ಪಟ್ಟಿಗಳು ನಮ್ಮ ತೀರದ ಮಾದರಿಗಳಿಗೆ ಬಳಸಿವೆ. ಆ ಅಮೆರಿಕದ ಪ್ರಾಣಿಯೇ ಒಂದಕ್ಕಿಂತ ಹೆಚ್ಚು ಪ್ರಭೇದ ಎಂದು 2017ರಲ್ಲಿ ತೀರ್ಮಾನವಾದ ಮೇಲೆ ಅರಬ್ಬೀ ಸಮುದ್ರದ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಹಿಂದೂ ಮಹಾಸಾಗರದಿಂದಲೇ ವಿವರಿಸಲ್ಪಟ್ಟ ಕ್ರೈಸೋರಾ ಕ್ಯಾಲಿಪೇರಿಯಾ ಪ್ರಭೇದದ ಲಕ್ಷಣಗಳೊಂದಿಗೆ ಮೊದಲು ಹೋಲಿಸಿ ನೋಡುವುದು ಹೆಚ್ಚು ಸಮಂಜಸ. ಫೈಸೇಲಿಯಾವನ್ನೂ ಒಂದೇ ಪ್ರಭೇದ ಎಂದು ಭಾವಿಸಿದ್ದೆವು. 2025ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಅದನ್ನು ನಾಲ್ಕಾಗಿ ವಿಂಗಡಿಸಿದೆ. ಅಂದಿನಿಂದ ನನ್ನ ಹಳೆಯ ದಾಖಲೆಗಳಲ್ಲಿ ಅದಕ್ಕೆ ಜಾತಿಯ ಹೆಸರಷ್ಟೇ ಉಳಿದಿದೆ, ಚಿತ್ರಗಳನ್ನು ಒಂದೊಂದಾಗಿ ಮರಳಿ ನೋಡುತ್ತಿದ್ದೇನೆ.

ಡಿಎನ್ಎ ಬಂದರೆ ಎಲ್ಲವೂ ಬಗೆಹರಿಯುತ್ತದೆ ಎಂದು ವಿದ್ಯಾರ್ಥಿಗಳು ನಂಬಿರುತ್ತಾರೆ. ಪ್ರಭೇದ ಗುರುತಿಸಲು ಬಳಸುವ, ಮೈಟೊಕಾಂಡ್ರಿಯದ ಸಿಒಐ ಎಂಬ ಜೀನಿನ ಒಂದು ತುಣುಕನ್ನು ಓದಿ ಡಿಎನ್ಎ ಅನುಕ್ರಮಗಳ ಸಾರ್ವಜನಿಕ ಭಂಡಾರದಲ್ಲಿ ಹೋಲಿಸಿದಾಗ ಬರುವ ಉತ್ತರ, ಅಲ್ಲಿ ಆ ಅನುಕ್ರಮವನ್ನು ಇಟ್ಟವರು ತಮ್ಮ ಮಾದರಿಗೆ ಕೊಟ್ಟ ಹೆಸರು ಮಾತ್ರ. ಚಿತ್ರವೂ ಇಲ್ಲದ, ಸಂಗ್ರಹಾಲಯದಲ್ಲಿ ಮಾದರಿಯೂ ಇಲ್ಲದ ಅನುಕ್ರಮದೊಂದಿಗೆ ನನ್ನದು ಹೊಂದಿದರೆ ಅದನ್ನು ನಾನು ಗುರುತಿಸುವಿಕೆ ಎಂದು ಕರೆಯುವುದಿಲ್ಲ. ಎರಡು ಮಾದರಿಗಳು ಒಂದೇ ಪ್ರಭೇದವೋ ಅಲ್ಲವೋ ಎಂದು ತಿಳಿಯಲು, ಮರಿಯನ್ನು ಬೆಳೆದ ಪ್ರಾಣಿಯೊಂದಿಗೆ ಜೋಡಿಸಲು ಮಾತ್ರ ಅದು ಬಹಳ ಉಪಯುಕ್ತ.

ಹರಡಿಕೆಯ ವಿಷಯಕ್ಕೆ ಬಂದರೆ, ನಕ್ಷೆಯ ಮೇಲಿನ ಪ್ರತಿಯೊಂದು ಬಿಂದುವಿನ ಹಿಂದೆ ಜೀವನಚಕ್ರವಿದೆ. ಹೆಚ್ಚಿನ ಸೈಫೋಜೋವಾಗಳಲ್ಲಿ ನಾವು ಕಾಣುವ ಮೆಡ್ಯೂಸಾ ಒಂದು ಹಂತ ಮಾತ್ರ. ಅದರ ಡಿಂಭ ಬಂಡೆ, ಚಿಪ್ಪು, ಬಂದರಿನ ಕಂಬ ಮುಂತಾದ ಗಟ್ಟಿ ಮೇಲ್ಮೈಗೆ ಅಂಟಿ ಕೆಲವೇ ಮಿಲಿಮೀಟರ್ ಗಾತ್ರದ ಪಾಲಿಪ್ ಆಗುತ್ತದೆ, ಆ ಪಾಲಿಪ್ ಅಡ್ಡಲಾಗಿ ಹೋಳಾಗಿ ಎಫೈರಾ ಎಂಬ ಮರಿಗಳನ್ನು ನೀರಿಗೆ ಬಿಡುತ್ತದೆ. ಬಹುಪಾಲು ಪ್ರಭೇದಗಳ ಪಾಲಿಪ್‌ಗಳನ್ನು ಸಮುದ್ರದಲ್ಲಿ ಯಾರೂ ಈವರೆಗೆ ಕಂಡಿಲ್ಲ. ಆದ್ದರಿಂದ ನನ್ನ ನಕ್ಷೆ ತೋರಿಸುವುದು ಪ್ರಾಣಿ ಎಲ್ಲಿಗೆ ತೇಲಿ ಬಂದಿತು ಎಂಬುದನ್ನು, ಅದರ ತವರನ್ನಲ್ಲ. ಪೆಲಾಜಿಯಾ ನಾಕ್ಟಿಲ್ಯೂಕಾ ಇದಕ್ಕೆ ಅಪವಾದ: ಪಾಲಿಪ್ ಹಂತವನ್ನೇ ಬಿಟ್ಟು ಡಿಂಭ ನೇರವಾಗಿ ಎಫೈರಾ ಆಗುವುದರಿಂದ ಅದಕ್ಕೆ ದಡದ ಹಂಗಿಲ್ಲ, ತೆರೆದ ಸಮುದ್ರದಲ್ಲೇ ಅದರ ಸಂತತಿ ಮುಂದುವರಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಅಕ್ರೋಮಿಟಸ್ ಅಳಿವೆಗಳ ಉಪ್ಪು ಕಡಿಮೆಯಾದ ನೀರನ್ನು ತಾಳಿಕೊಳ್ಳುತ್ತದೆ. ಕಾಳಿ, ಶರಾವತಿಯಂತಹ ನದಿಗಳ ಅಳಿವೆಯಲ್ಲಿ ಮಾದರಿ ಹುಡುಕುವಾಗ ನೀರಿನ ಲವಣತೆಯನ್ನು ಜೊತೆಗೇ ಅಳೆದು ಬರೆಯದಿದ್ದರೆ ಆ ದಾಖಲೆಗೆ ಅರ್ಧ ಬೆಲೆ.

ತಿಂಗಳನ್ನು ಬರೆಯುವಾಗ ಪ್ರವಾಹದ ದಿಕ್ಕನ್ನೂ ಬರೆಯುವ ಅಭ್ಯಾಸ ನನಗೆ ಬಹಳ ನೆರವಾಗಿದೆ. ಪಶ್ಚಿಮ ಕರಾವಳಿಯ ಪ್ರವಾಹ ಮುಂಗಾರಿನಲ್ಲಿ ದಕ್ಷಿಣಕ್ಕೆ ಹರಿಯುತ್ತದೆ, ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುವ ಕಾಲವೂ ಅದೇ. ನವೆಂಬರಿನಿಂದ ಫೆಬ್ರವರಿಯವರೆಗೆ ಪ್ರವಾಹ ತಿರುಗಿ ಉತ್ತರಕ್ಕೆ ಹರಿಯುತ್ತಾ ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯಾದ ನೀರನ್ನೂ ತನ್ನೊಂದಿಗೆ ತರುತ್ತದೆ. ಡಿಸೆಂಬರಿನಲ್ಲಿ ಮಂಗಳೂರಿನ ಹೊರಗೆ ಕಂಡದ್ದು ಕೇರಳದ ಕಡೆಯಿಂದ ಬಂದಿರಬಹುದು, ಆಗಸ್ಟಿನಲ್ಲಿ ಕಂಡದ್ದಕ್ಕೆ ಆ ವಿವರಣೆ ಹೊಂದುವುದಿಲ್ಲ. ಫೈಸೇಲಿಯಾಕ್ಕೆ ಪ್ರವಾಹಕ್ಕಿಂತ ಗಾಳಿಯೇ ಮುಖ್ಯ, ಅದರ ಚೀಲವೇ ಹಾಯಿಯಾಗಿ ಕೆಲಸ ಮಾಡುತ್ತದೆ. ಅದು ಬಿದ್ದಿದ್ದ ದಿನಗಳ ಎದುರು ಗಾಳಿಯ ದಿಕ್ಕನ್ನೂ ಬರೆಯುತ್ತೇನೆ.

ಹೊಸ ಜಾಗದಲ್ಲಿ ಕಂಡದ್ದೆಲ್ಲ ಹೊಸದಾಗಿ ಬಂದದ್ದು ಎನ್ನುವ ಆತುರಕ್ಕೆ ನಾನು ಒಪ್ಪುವುದಿಲ್ಲ. ಇಸ್ರೇಲಿನ ತೀರದಿಂದ 2010ರಲ್ಲಿ ವಿವರಿಸಲಾದ ಮರಿವಾಜಿಯಾ ಸ್ಟೆಲ್ಲಾಟಾ ಎಂಬ ಜೆಲ್ಲಿ ಮೀನು 2013ರಲ್ಲಿ ಕೇರಳದ ತೀರದಿಂದಲೂ ವರದಿಯಾಯಿತು. ಹೆಸರು ಸಿಕ್ಕಿದ್ದು ಮೆಡಿಟರೇನಿಯನ್‌ನಲ್ಲಿಯಾದರೂ ಮೂಲ ನೆಲೆ ಹಿಂದೂ ಮಹಾಸಾಗರವೇ ಇರಬಹುದು, ಸೂಯೆಜ್ ಕಾಲುವೆಯ ಮೂಲಕ ಆಚೆ ಹೋಗಿರಬಹುದು ಎಂಬ ಊಹೆಗೆ ಆ ವರದಿ ಬಲ ಕೊಟ್ಟಿತು. 1970ರ ದಶಕದಲ್ಲಿ ಪೂರ್ವ ಮೆಡಿಟರೇನಿಯನ್‌ನಲ್ಲಿ ಕಾಣಿಸಿಕೊಂಡು, 1990ರಲ್ಲಿ ಹೆಸರು ಪಡೆದು, ಈಗ ಅಲ್ಲಿನ ವಿದ್ಯುತ್ ಸ್ಥಾವರಗಳ ನೀರಿನ ಕೊಳವೆಗಳನ್ನು ಮುಚ್ಚಿಹಾಕುವ ರೋಪಿಲೀಮಾ ನೊಮಾಡಿಕಾ ಕೂಡ ಆ ಕಾಲುವೆಯ ದಾರಿಯಲ್ಲಿ ಹೋದದ್ದೇ. ಹುಡುಕುವವರು ಎಲ್ಲಿದ್ದಾರೋ ಅಲ್ಲಿ ದಾಖಲೆ ಹುಟ್ಟುತ್ತದೆ. ನಮ್ಮ ಪಟ್ಟಿಯಲ್ಲಿ ಬಂದರುಗಳ ಸುತ್ತಲೇ ಬಿಂದುಗಳು ಕಿಕ್ಕಿರಿದಿರುವುದಕ್ಕೆ ಕಾರಣ ಬೋಟುಗಳು ಅಲ್ಲಿಗೆ ಬರುತ್ತವೆ, ನಾನೂ ಅಲ್ಲಿಯೇ ನಿಂತಿರುತ್ತೇನೆ ಎಂಬುದು.

ಇದಕ್ಕಾಗಿಯೇ ಏನೂ ಸಿಗದ ದಿನವನ್ನೂ ಬರೆದಿಡುತ್ತೇನೆ: ಎಷ್ಟು ಬಲೆ ನೋಡಿದೆ, ಎಷ್ಟು ಉದ್ದದ ದಡ ನಡೆದೆ, ಸಿಕ್ಕದ್ದು ಸೊನ್ನೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಬೋಟಿನ ಮಾದರಿಗಳಿಲ್ಲ, ನಾಡದೋಣಿಯವರೂ ಕಡಲು ಬಿಟ್ಟ ದಿನ ಮಾತ್ರ ಹೋಗುತ್ತಾರೆ. ಆ ತಿಂಗಳುಗಳ ಕೋಷ್ಟಕದಲ್ಲಿ ಸೊನ್ನೆ ಬರೆದರೆ ಪ್ರಾಣಿ ಇರಲಿಲ್ಲ ಎಂದು ಓದುವವರು ತಿಳಿಯುತ್ತಾರೆ, ಖಾಲಿ ಬಿಟ್ಟರೆ ಬರೆಯಲು ಮರೆತಿದ್ದೇನೆ ಎಂದುಕೊಳ್ಳುತ್ತಾರೆ. ಆದ್ದರಿಂದ ಆ ಮನೆಗಳಿಗೆ ಬೂದು ಬಣ್ಣ ತುಂಬಿ, ದಡದಲ್ಲಿ ಸಿಕ್ಕ ಪೋರ್ಪಿಟಾ, ಫೈಸೇಲಿಯಾಗಳನ್ನು ಬೇರೆ ಗುರುತಿನಿಂದ ಅದರ ಮೇಲೆ ಹಾಕುತ್ತೇನೆ; ಬಲೆಯ ದಾಖಲೆಯನ್ನೂ ದಡದ ದಾಖಲೆಯನ್ನೂ ಒಂದೇ ಮೊತ್ತದಲ್ಲಿ ಕೂಡಿಸುವುದಿಲ್ಲ.